ಹದಿನಾರರಲ್ಲಿ ಒಂದು

ಹಾಸನ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಏರಿನಲ್ಲಿ ನಿಂತುಹೋಗುವ ನಿನ್ನ ಹಳೆಯ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯನ್ನು ನಮ್ಮ ಅಂಗಡಿಯಲ್ಲಿ ಬಿಚ್ಚಿ ನೋಡಿದ್ದಾಯಿತು. ಫೋನಿನಲ್ಲಿ ಹೇಳಲು ಹೊರಟರೆ ನೀನು ಅರ್ಧಕ್ಕೇ "ಗೊತ್ತಾಯಿತಪ್ಪ" ಎಂದುಬಿಡುತ್ತೀ. ಗಾಡಿ ಮಾರಿದವನ ಮುಂದೆ ಕುಳಿತಾಗ ನಿನಗೆ ಬೇಕಾಗುವುದು ಅಂಕಿಗಳು. ಅವು ಕಾಗದದ ಮೇಲಿರಲಿ ಎಂದು ಬರೆಯುತ್ತಿದ್ದೇನೆ.

ಮೊನ್ನೆ ನೀನು ಇನ್ನೊಂದು ಮಾತು ಹೇಳಿದೆ: "ಬ್ಯಾಟರಿ ವಾಪಸ್ ಕಳುಹಿಸಪ್ಪ, ಫುಲ್ ಚಾರ್ಜ್ ಮಾಡಿ ಫೋಟೊ ತೆಗೆದು ಯಾರಿಗಾದರೂ ದಾಟಿಸಿಬಿಡುತ್ತೇನೆ." ನಾನು ಕಳುಹಿಸುವುದಿಲ್ಲ. ಯಾಕೆಂದು ಹೇಳುತ್ತೇನೆ, ಮೊದಲು ಡಬ್ಬಿಯೊಳಗೆ ಕಂಡದ್ದನ್ನು ಕೇಳು.

ಮುಚ್ಚಳ ತೆಗೆಯುವ ಮೊದಲೇ ಅರ್ಧ ಕಥೆ ಗೊತ್ತಾಯಿತು. ಎಂಟೂ ಸ್ಕ್ರೂಗಳ ತಲೆ ಸವೆದು ಬಿಳಿಚಿಕೊಂಡಿದೆ. ವಾರಂಟಿ ಸ್ಟಿಕ್ಕರ್ ನಡುವೆ ಹರಿದಿದೆ. ಅದೊಂದು ಸರಿಯಾಗಿದ್ದಿದ್ದರೆ ನಾನು ಸ್ಕ್ರೂಡ್ರೈವರ್ ಮುಟ್ಟುತ್ತಿರಲಿಲ್ಲ, ನೇರವಾಗಿ ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ಯಲು ಹೇಳುತ್ತಿದ್ದೆ. ಮುಚ್ಚಳದ ಅಂಚಿಗೆ ಕೂಡಿಸಿದ್ದ ರಬ್ಬರ್ ಪಟ್ಟಿ ಮಾಯವಾಗಿ, ಆ ಜಾಗದಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬಿಳಿ ಸಿಲಿಕೋನ್ ಅಂಟು ಬಂದಿದೆ. ಒಂದು ಮೂಲೆಯಲ್ಲಿ ಅದು ಒಣಗುವ ಮೊದಲೇ ಯಾರೋ ಒತ್ತಿದ ಹೆಬ್ಬೆರಳಿನ ಗೆರೆಗಳು ಹಾಗೇ ನಿಂತಿವೆ. ಕಾರ್ಖಾನೆಯ ಕೆಲಸ ಹೀಗಿರುವುದಿಲ್ಲ. ಇದನ್ನು ಒಮ್ಮೆ ಬಿಚ್ಚಿ, ನೋಡಿ, ಮುಚ್ಚಿದ್ದಾರೆ. ಫೋಟೊಗಳನ್ನು ನಿನ್ನ ಮೊಬೈಲಿಗೆ ಕಳುಹಿಸಿದ್ದೇನೆ, ಅಳಿಸಬೇಡ.

ಒಳಗಿರುವುದು ನಮ್ಮ ಇನ್ವರ್ಟರಿನ ಸೀಸದ ಬ್ಯಾಟರಿಯಂಥದ್ದಲ್ಲ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಲಿಥಿಯಂ ಸೆಲ್‌ಗಳು. ಹತ್ತತ್ತು ಸೆಲ್‌ಗಳ ಒಂದೊಂದು ಗುಂಪು, ಅಂಥ ಹದಿನಾರು ಗುಂಪುಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿ ಕಟ್ಟಿದ್ದಾರೆ. ಪೂರ್ತಿ ತುಂಬಿದಾಗ ಒಂದು ಗುಂಪಿಗೆ 4.2 ವೋಲ್ಟ್. ಹದಿನಾರು ಸೇರಿದರೆ 67.2. ನಿನ್ನ ಚಾರ್ಜರಿನ ಬೆನ್ನಿಗೆ ಅಂಟಿಸಿರುವ ಚೀಟಿಯಲ್ಲೂ ಇದೇ ಅಂಕಿ ಇದೆ. ಪ್ರತಿ ಗುಂಪಿನಿಂದಲೂ ಒಂದು ತೆಳುವಾದ ತಂತಿ ಹೊರಟು ಬಿ.ಎಂ.ಎಸ್. ಎನ್ನುವ ಹಸಿರು ಬೋರ್ಡಿಗೆ ಸೇರುತ್ತದೆ. ಯಾವ ಗುಂಪು ಅತಿಯಾಗಿ ತುಂಬಿತು, ಯಾವುದು ಅತಿಯಾಗಿ ಬರಿದಾಯಿತು ಎಂದು ಕಾಯುವುದು ಆ ಬೋರ್ಡಿನ ಕೆಲಸ.

ಚಾರ್ಜ್ ಮುಗಿಸಿ, ತಣ್ಣಗಾಗಲು ಬಿಟ್ಟು, ಒಂದೊಂದೇ ಗುಂಪಿಗೆ ಮೀಟರ್ ಹಿಡಿದೆ. ಹದಿನೈದು ಗುಂಪುಗಳು 4.15ರಲ್ಲಿ ನಿಂತಿವೆ. ಹನ್ನೊಂದನೆಯದು 3.71. ಒಟ್ಟು ಕೂಡಿದರೆ 65.96. ಇಲ್ಲೇ ಇರುವುದು ಮೋಸ. ನಿನ್ನ ಗಾಡಿಯ ಮೀಟರ್ ನೋಡುವುದು ಒಟ್ಟು ವೋಲ್ಟನ್ನು ಮಾತ್ರ. 66ರ ಹತ್ತಿರ ಕಂಡ ಕೂಡಲೇ ಹಸಿರು ಗೆರೆಗಳನ್ನೆಲ್ಲ ಬೆಳಗಿಸಿ ತೋರಿಸುತ್ತದೆ. ಒಂದು ಗುಂಪಿನ ಕಾಯಿಲೆ ಹದಿನೈದರ ಆರೋಗ್ಯದೊಳಗೆ ಅಡಗಿ ಕುಳಿತಿದೆ. ಆದ್ದರಿಂದ, ಮಾರಿದವನು ನಿನಗೆ ತೋರಿಸಿದ ಫುಲ್ ಚಾರ್ಜಿನ ಚಿತ್ರ ಸುಳ್ಳಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ.

ಇಷ್ಟಕ್ಕೇ ಬಿಡದೆ ಭಾರ ಹಾಕಿ ನೋಡಿದೆ. ಹಳೆಯ ಕಾರುಗಳ 12 ವೋಲ್ಟಿನ ಹೆಡ್‌ಲೈಟ್ ಬಲ್ಬುಗಳನ್ನು ಐದೈದರಂತೆ ಎರಡು ಸಾಲು ಕಟ್ಟಿದರೆ ಹತ್ತು ಆಂಪಿಯರ್ ಹತ್ತಿರ ಎಳೆಯುತ್ತವೆ. ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಹೋಗುವ ಗಾಡಿ ತೆಗೆದುಕೊಳ್ಳುವಷ್ಟು. ಬಲ್ಬು ಹೊತ್ತಿದ ಕ್ಷಣವೇ ಹನ್ನೊಂದನೆಯ ಗುಂಪು 3.4ಕ್ಕೆ ಕುಸಿಯಿತು. ಆಮೇಲೆ 3.3, 3.1, ಮೀಟರಿನ ಕೊನೆಯ ಅಂಕಿ ಕಣ್ಣೆದುರೇ ಜಾರುತ್ತಿತ್ತು. 2.8ರ ಆಸುಪಾಸಿಗೆ ಬಂದದ್ದೇ ತಡ, ಹತ್ತೂ ಬಲ್ಬುಗಳು ಒಟ್ಟಿಗೇ ಆರಿದವು. ಸೀಸದ ಬ್ಯಾಟರಿಯಾದರೆ ಬಲ್ಬು ಮೊದಲು ಮಂಕಾಗಿ, ಕೆಂಪಾಗಿ, ಆಮೇಲೆ ಆರುತ್ತದೆ. ಇದು ಆ ಮುನ್ಸೂಚನೆಯನ್ನೂ ಕೊಡಲಿಲ್ಲ. ಆ ಹೊತ್ತಿಗೆ ಉಳಿದ ಹದಿನೈದೂ 3.9ರ ಮೇಲೆಯೇ ಇದ್ದವು.

ಜಾತ್ರೆಯಲ್ಲಿ ಬಾವಿಯಿಂದ ಅಡುಗೆಮನೆಯವರೆಗೆ ಸಾಲಾಗಿ ನಿಂತು ಬಿಂದಿಗೆ ದಾಟಿಸುತ್ತಾರಲ್ಲ, ಹಾಗೆ. ನಡುವೆ ಒಬ್ಬ ಕುಸಿದು ಕುಳಿತರೆ ಉಳಿದವರ ತೋಳಿನಲ್ಲಿ ಎಷ್ಟೇ ಬಲವಿದ್ದರೂ ಒಲೆಗೆ ನೀರು ತಲುಪುವುದಿಲ್ಲ. ಚಿಕ್ಕಮಗಳೂರಿನ ಕೈಮರ ಚೆಕ್‌ಪೋಸ್ಟ್ ದಾಟಿದ ಮೇಲೆ ಏರಿನಲ್ಲಿ ಮೋಟಾರು ನನ್ನ ಬಲ್ಬುಗಳ ಎರಡು ಮೂರು ಪಟ್ಟು ಕರೆಂಟು ಕೇಳುತ್ತದೆ. ಅಲ್ಲಿ ಹನ್ನೊಂದನೆಯವನು ಕುಸಿಯುತ್ತಾನೆ, ಬೋರ್ಡು ಎಲ್ಲವನ್ನೂ ಕತ್ತರಿಸುತ್ತದೆ. "ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇರುವಾಗಲೇ ನಿಂತುಹೋಯಿತು" ಎಂದು ನೀನು ಹೇಳಿದಾಗ ನಿನ್ನಮ್ಮ ನಂಬಲಿಲ್ಲ. ಚಕ್ರದ ಕೆಳಗೆ ನಿಂಬೆಹಣ್ಣು ಇಡದೆ ಹೊರಟದ್ದೇ ಕಾರಣವೆಂದು ಈಗಲೂ ಅವಳ ವಾದ. ನೀನು ಹೇಳಿದ್ದೇ ಸರಿ.

"ಒಮ್ಮೆ ಕೀ ಆಫ್ ಮಾಡಿ ಆನ್ ಮಾಡಿ, ಸರಿಹೋಗುತ್ತದೆ, ಎಲೆಕ್ಟ್ರಿಕ್ ಗಾಡಿಗಳೆಲ್ಲ ಹೀಗೇ" ಎಂದು ಮಾರಿದವನು ನಿನಗೆ ಮೊದಲ ದಿನವೇ ಹೇಳಿಕೊಟ್ಟಿದ್ದನಲ್ಲ, ಆ ಮಾತನ್ನು ನಾನು ಬಹಳ ಯೋಚಿಸಿದೆ. ಭಾರ ಇಳಿಸಿದರೆ ಸೊರಗಿದ ಸೆಲ್ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ವೋಲ್ಟ್ ಮೇಲೇರುತ್ತದೆ, ಬೋರ್ಡು ಮತ್ತೆ ದಾರಿ ಬಿಡುತ್ತದೆ. ಆದ್ದರಿಂದ ಉಪಾಯ ಕೆಲಸ ಮಾಡುವುದು ನಿಜ. ಆದರೆ ಗಾಡಿ ನಿಲ್ಲದವನಿಗೆ ಈ ಉಪಾಯ ಗೊತ್ತಿರಲು ಕಾರಣವೇ ಇಲ್ಲ. ನಿನಗೆ ಗಾಡಿ ಓಡಿಸಿ ತೋರಿಸಿದ್ದು ಐ.ಜಿ. ರಸ್ತೆಯ ಸಮತಟ್ಟಿನಲ್ಲಿ, ಅದೂ ಚಾರ್ಜ್ ತುಂಬಿಸಿಟ್ಟುಕೊಂಡು. ಹಳೆಯ ಎಲೆಕ್ಟ್ರಿಕ್ ಗಾಡಿಯನ್ನು ನೋಡಬೇಕಾದದ್ದು ಕಾಲು ಭಾಗ ಚಾರ್ಜ್ ಉಳಿದಿರುವಾಗ, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಏರಿನಲ್ಲಿ. ನಮ್ಮ ಅಂಗಡಿಗೆ ಸುಟ್ಟ ಪಂಪ್‌ಸೆಟ್ ತರುವವರೆಲ್ಲ "ನಿನ್ನೆಯವರೆಗೂ ಚೆನ್ನಾಗಿ ಓಡುತ್ತಿತ್ತು" ಎನ್ನುತ್ತಾರೆ. ಹೊಸದಾಗಿ ಬಣ್ಣ ಬಳಿದ ಹಳೆಯ ಮೋಟಾರನ್ನು ನಾನು ಮೊದಲು ಅನುಮಾನಿಸುವುದು ಅದಕ್ಕೇ.

ಹಳೆಯ ಗಾಡಿ ಕೊಂಡೆಯೆಂದು ನನಗೆ ಯಾವ ತಕರಾರೂ ಇಲ್ಲ. ಹಳೆಯ ಮೋಟಾರುಗಳಿಂದಲೇ ನಮ್ಮ ಮನೆಯ ಒಲೆ ಉರಿದದ್ದು. ನಂಬರ್ ಪ್ಲೇಟ್ ಇಲ್ಲದ ಗಾಡಿಯೊಂದು ಇದಕ್ಕಿಂತ ಅಗ್ಗವಾಗಿ ಸಿಗುತ್ತಿತ್ತಂತೆ, ಅದನ್ನು ಬಿಟ್ಟದ್ದು ಒಳ್ಳೆಯದಾಯಿತು. ನೋಂದಣಿ ಬೇಡವೆನ್ನುವ ವಿನಾಯಿತಿ ಇರುವುದು 250 ವಾಟ್‌ನೊಳಗಿನ ಮೋಟಾರ್, ಗಂಟೆಗೆ 25 ಕಿಲೋಮೀಟರ್‌ನೊಳಗಿನ ವೇಗಕ್ಕೆ. ವೈರು ತಿರುಚಿ ನಲವತ್ತರಲ್ಲಿ ಓಡಿಸಿದರೆ ಆ ವಿನಾಯಿತಿ ಇಲ್ಲ, ಅಪಘಾತವಾದರೆ ವಿಮೆಯೂ ಇಲ್ಲ.

ಈಗ, ಬ್ಯಾಟರಿಯನ್ನು ಯಾಕೆ ವಾಪಸ್ ಕಳುಹಿಸುವುದಿಲ್ಲ ಎನ್ನುವ ಕಾರಣ. ಹನ್ನೊಂದನೆಯ ಗುಂಪಿನ ನಿಕಲ್ ಪಟ್ಟಿಯ ಮೇಲೆ ಹಸಿರು ಕಿಲುಬು ಕಟ್ಟಿದೆ, ಕೆಳಗಿನ ಪ್ಲಾಸ್ಟಿಕ್ಕಿನಲ್ಲಿ ನೀರು ಒಣಗಿದ ಕಲೆ ಇದೆ. ಮಳೆಗಿಂತ ನನಗೆ ಅನುಮಾನ ವಾಟರ್ ಸರ್ವಿಸಿನ ಪೈಪಿನ ಮೇಲೆ. ಮಲೆನಾಡಿನ ಮಳೆ ಮೇಲಿನಿಂದ ಬೀಳುತ್ತದೆ, ಆ ಪೈಪು ಕೆಳಗಿನಿಂದ, ಸಂದಿಯೊಳಗೆ ನುಗ್ಗಿಸಿ ಹೊಡೆಯುತ್ತದೆ. ಒಳಗೆ ಹೋದ ನೀರು ಆ ಗುಂಪನ್ನು ಹಗಲೂ ರಾತ್ರಿ ಸ್ವಲ್ಪಸ್ವಲ್ಪವೇ ಹೀರಿ ಬರಿದು ಮಾಡಿದೆ. ಲಿಥಿಯಂ ಸೆಲ್ 2.5 ವೋಲ್ಟಿಗಿಂತ ತೀರಾ ಕೆಳಗಿಳಿದು ಬಹಳ ಕಾಲ ಹಾಗೇ ಬಿದ್ದಿದ್ದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೊಳಗೇ ಶಾರ್ಟ್ ಆಗಬಹುದು. ಸೆಲ್ ಬಿಸಿಯಾಗುವುದು, ಹೊತ್ತಿಕೊಳ್ಳುವುದು ಹೀಗೆ. 2022ರಲ್ಲಿ ಬೇರೆ ಬೇರೆ ಊರುಗಳಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದದ್ದು ನಿನಗೆ ನೆನಪಿರಬಹುದು. ಆಮೇಲೆಯೇ ಎ.ಐ.ಎಸ್. 156 ಎನ್ನುವ ಸುರಕ್ಷತಾ ಮಾನದಂಡವನ್ನು ಸರ್ಕಾರ ಬಿಗಿಗೊಳಿಸಿದ್ದು.

ಇಂಥದ್ದನ್ನು ನೀನು ರಾತ್ರಿಯೆಲ್ಲ ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕಿ ಮಲಗುತ್ತಿದ್ದೆ. ಮೇಲಿನ ಮನೆಯವರಿಗೆ ಹೊರಗೆ ಬರಲು ಅದೊಂದೇ ದಾರಿ. ಬ್ಯಾಟರಿ ಹೊಸದೇ ಆದರೂ ಇನ್ನು ಮುಂದೆ ಅಲ್ಲಿ ಬೇಡ. ಹೊರಗಿನ ಜಗಲಿಯಲ್ಲಿ, ನೀನು ಎಚ್ಚರವಿರುವಾಗ. ಯಾವಾಗಲಾದರೂ ಹೊಗೆಯೋ ಸಿಳ್ಳೆಯಂಥ ಸದ್ದೋ ಬಂದರೆ ಪ್ಲಗ್ ಕೀಳಲೂ ಹತ್ತಿರ ಹೋಗಬೇಡ. ಎಲ್ಲರನ್ನೂ ಹೊರಗೆ ಕರೆದು 112ಕ್ಕೆ ಫೋನ್ ಮಾಡು.

ನೀನು ದಾಟಿಸಬೇಕೆಂದಿದ್ದದ್ದು ಇದನ್ನು. ಕೊಳ್ಳಲು ಬರುವವರು ಯಾರಿರಬಹುದು ಹೇಳು. ಹೊಸದು ಕೊಳ್ಳಲು ಕೈಯಲ್ಲಿ ಹಣವಿಲ್ಲದವರೇ ತಾನೇ? ಎಸ್ಟೇಟಿನ ಲೆಕ್ಕ ಬರೆಯುವ ನಿನ್ನಂಥ ಇನ್ನೊಂದು ಹುಡುಗಿ, ಇಲ್ಲವೇ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಬಿಡುವ ಯಾರೋ. ಏರಿನ ತಿರುವಿನಲ್ಲಿ ಹಿಂದೆ ಕಾಫಿ ಮೂಟೆಯ ಲಾರಿ ಬರುತ್ತಿರುವಾಗ ಗಾಡಿ ನಿಂತರೆ ಹೇಗಿರುತ್ತದೆಂದು ನೀನೇ ಅತ್ತುಕೊಂಡು ಹೇಳಿದ್ದೆ. ನಲವತ್ತೆರಡು ಸಾವಿರ ಹೋಯಿತೆಂಬ ಸಂಕಟ ನನಗೂ ಇದೆ. ಆದರೆ ನಿನಗೆ ಮಾರಿದವನ ಮೇಲೆ ನಿನಗೆ ಬಂದ ಸಿಟ್ಟು ನ್ಯಾಯವಾದದ್ದೆಂದರೆ ಈ ಯೋಚನೆ ನ್ಯಾಯವಲ್ಲ. ಎರಡನ್ನೂ ಇಟ್ಟುಕೊಳ್ಳಲು ನಾನು ಬಿಡುವುದಿಲ್ಲ.

ಹಣ ಅವನಿಂದಲೇ ಬರಲಿ. ನೇರವಾಗಿ ಹೋಗಿ ಜಗಳ ತೆಗೆಯಬೇಡ. ಮೊದಲು ಫೋಟೊ, ಈ ಅಂಕಿಗಳು, ನೀವಿಬ್ಬರೂ ಆಡಿದ ವಾಟ್ಸ್ಆ್ಯಪ್ ಮಾತು ಎಲ್ಲವನ್ನೂ ಸೇರಿಸಿ, ಗಾಡಿ ವಾಪಸ್ ತೆಗೆದುಕೊಳ್ಳಿ ಇಲ್ಲವೇ ಬ್ಯಾಟರಿಯ ಖರ್ಚು ಕೊಡಿ ಎಂದು ಮರ್ಯಾದೆಯಿಂದ ಬರೆದು ಕಳುಹಿಸು. ಅವನು ವ್ಯಾಪಾರಿಯಲ್ಲ, ಸ್ವಂತ ಗಾಡಿ ಮಾರಿದವನು. ಹಾಗಾಗಿ ಗ್ರಾಹಕರ ಆಯೋಗದ ದಾರಿ ನಮಗೆ ಸುಲಭವಿಲ್ಲ. ಆದರೆ ಗೊತ್ತಿರುವ ದೋಷವನ್ನು ಬೇಕೆಂದೇ ಮುಚ್ಚಿಡುವುದನ್ನು 1872ರ ಕರಾರು ಕಾಯ್ದೆ ವಂಚನೆಯೆಂದೇ ಕರೆಯುತ್ತದೆ. ಆ ಹೆಬ್ಬೆರಳಿನ ಗುರುತು ಯಾರದೆಂದು ನಾವು ಹೇಳಲಾರೆವು, ಕೀ ಆಫ್ ಮಾಡುವ ಉಪಾಯ ಯಾರು ಹೇಳಿಕೊಟ್ಟರೆಂದು ಹೇಳಬಲ್ಲೆವು. ಪತ್ರ ತಲುಪಿದ ಮೇಲೂ ಸುಮ್ಮನಿದ್ದರೆ ವಕೀಲರ ನೋಟಿಸಿನ ಮಾತು ನೋಡೋಣ.

ಆರ್.ಸಿ. ಇನ್ನೂ ಅವನ ಹೆಸರಿನಲ್ಲೇ ಇದೆಯಲ್ಲ, ಅದನ್ನು ಮರೆಯಬೇಡ. ಮಾರಿದವನು 14 ದಿನದೊಳಗೆ ಆರ್.ಟಿ.ಒ.ಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಹೆಸರು ಬದಲಿಸಿಕೊಳ್ಳಬೇಕು. ಫಾರಂ 29 ಮತ್ತು 30. ಗಾಡಿ ವಾಪಸ್ ಹೋಗುತ್ತದೋ ನಮ್ಮಲ್ಲೇ ಉಳಿಯುತ್ತದೋ ತೀರ್ಮಾನವಾಗುವವರೆಗೆ ಸಹಿ ಹಾಕಲು ಅವಸರ ಬೇಡ, ಆದರೆ ಆ ಗಡುವೂ ಮೀರಬಾರದು.

ಅವನು ಒಪ್ಪದಿದ್ದರೆ ದುರಸ್ತಿಯೋ ಹೊಸದೋ ಎನ್ನುವುದು ಪ್ರಶ್ನೆ. ಆ ಹತ್ತು ಸೆಲ್‌ಗಳನ್ನಷ್ಟೇ ಬದಲಿಸಿಕೊಡುತ್ತೇನೆ ಎನ್ನುವವರು ಇಲ್ಲಿಯೂ ಇದ್ದಾರೆ, ಅಗ್ಗವೂ ಹೌದು. ನನಗೆ ಮನಸ್ಸಿಲ್ಲ. ದಣಿದ ಹದಿನೈದರ ನಡುವೆ ಹೊಸ ಗುಂಪೊಂದು ಸೇರಿದರೆ ಅವು ಒಂದೇ ಹದದಲ್ಲಿ ತುಂಬುವುದೂ ಇಲ್ಲ, ಬರಿದಾಗುವುದೂ ಇಲ್ಲ. ನೀರು ಕುಡಿದ ಡಬ್ಬಿಯಲ್ಲಿ ನಾಳೆ ಏಳನೆಯದೋ ಒಂಬತ್ತನೆಯದೋ ಮುಲುಗುತ್ತದೆ. ಹೊಸ ಪ್ಯಾಕಿಗೆ ನಾನು ವಿಚಾರಿಸಿದ ಬೆಲೆ ನೀನು ಗಾಡಿಗೆ ಕೊಟ್ಟ ಹಣದ ಅರ್ಧಕ್ಕಿಂತ ಹೆಚ್ಚಾಗುತ್ತದೆ. ಎ.ಐ.ಎಸ್. 156 ಪ್ರಮಾಣಪತ್ರ ಕೊಡದ ಪ್ಯಾಕ್ ಬೇಡವೇ ಬೇಡ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ನದ್ದು ಸಿಕ್ಕರೆ ನನ್ನ ಒಲವು ಅದರ ಕಡೆಗೆ. ತೂಕ ಹೆಚ್ಚು, ಆದರೆ ಬಿಸಿ ತಾಳುತ್ತದೆ, ಬಾಳಿಕೆಯೂ ಹೆಚ್ಚು. ಅದಕ್ಕೆ ಚಾರ್ಜರನ್ನೂ ಬದಲಿಸಬೇಕು, ಹಳೆಯದನ್ನು ಚುಚ್ಚಬಾರದು. ಅರ್ಧ ಖರ್ಚು ನನ್ನದು, ಉಳಿದದ್ದು ನಿನ್ನ ಸಂಬಳದಿಂದ ಕಂತಿನಲ್ಲಿ. ನಿನ್ನಮ್ಮ ಪೂರ್ತಿ ಕೊಟ್ಟುಬಿಡಿ ಎನ್ನುತ್ತಿದ್ದಾಳೆ, ಅವಳ ಮಾತಿಗೆ ಕಿವಿಗೊಡಬೇಡ.

ಈ ಸತ್ತ ಪ್ಯಾಕನ್ನು ಗುಜರಿಗೆ ಹಾಕುವುದಿಲ್ಲ. 2022ರ ನಿಯಮದಂತೆ ಹಳೆಯ ಬ್ಯಾಟರಿಯನ್ನು ವಾಪಸ್ ಪಡೆದು ವಿಲೇವಾರಿ ಮಾಡುವ ಹೊಣೆ ತಯಾರಕರದ್ದು, ಅವರ ಡೀಲರಿಗೇ ಒಪ್ಪಿಸಿ ರಸೀದಿ ಪಡೆಯುತ್ತೇನೆ. ಆದರೆ ಮಾರಿದವನ ವಿಷಯ ಇತ್ಯರ್ಥವಾಗುವವರೆಗೆ ಇದು ನಮ್ಮ ಸಾಕ್ಷಿ. ಅಂಗಡಿಯ ಹಿಂದಿನ ಸಿಮೆಂಟ್ ಕಟ್ಟೆಯ ಮೇಲೆ ಒಣ ಮರಳು ತುಂಬಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಚಾರ್ಜರೂ ನನ್ನ ಬಳಿಯೇ ಇರುತ್ತದೆ.

ಅವನಿಗೆ ಬರೆಯುವ ಪತ್ರವನ್ನು ಕಳುಹಿಸುವ ಮೊದಲು ನನಗೊಮ್ಮೆ ತೋರಿಸು. ಬೈಗುಳ ಇದ್ದರೆ ತೆಗೆಯುತ್ತೇನೆ, ಅಂಕಿ ತಪ್ಪಿದ್ದರೆ ತಿದ್ದುತ್ತೇನೆ. ಅಲ್ಲಿಯವರೆಗೆ ಕೆಲಸಕ್ಕೆ ಬಸ್ಸಿನಲ್ಲೇ ಹೋಗು, ಪಾಸ್ ಮಾಡಿಸಿಕೋ.

ನಿನ್ನ
ಅಪ್ಪ