‘ಅನಿಮೆ ಹಾಳಾಗಿದೆ’ ಎಂದು ಬರೆದ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಲೇಖನ ಬಂದು ಹದಿನೈದು ದಿನವಾಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಓದಿದೆ. ಮೊದಲ ಸಲ ಒಂದೇ ಉಸಿರಿಗೆ, ಎರಡನೇ ಸಲ ಪೆನ್ಸಿಲ್ ಹಿಡಿದು. ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಚಿತ್ರಗಳು, ಈಗ ಹಾಳಾಗಿದೆ ಅನ್ನುವ ನಿನ್ನ ಸಿಟ್ಟು ನನಗೆ ಇಷ್ಟವಾಯಿತು. ಕನ್ನಡದಲ್ಲಿ ಈ ವಿಷಯ ಹಿಡಿದು ಇಷ್ಟು ಬಿಸಿಯಾಗಿ ಬರೆಯುವವರು ಕಡಿಮೆ. ಆದರೆ ಪೆನ್ಸಿಲ್ ಗುರುತುಗಳೂ ಜಾಸ್ತಿ ಬಿದ್ದಿವೆ.

ಮೊದಲ ಗುರುತು ಮೊದಲ ಸಾಲಿಗೇ. ‘ಅನಿಮೆ ಎಂಬುದೇ ಒಂದು ತಪ್ಪು’ ಎಂದು ಜಪಾನಿನ ಹೆಸರಾಂತ ಅನಿಮೆ ನಿರ್ದೇಶಕ ಹಯಾವೊ ಮಿಯಾಜಾಕಿ ಹೇಳಿದ್ದಾರೆ ಅಂತ ಶುರು ಮಾಡಿದ್ದೀಯ. ಆ ಮಾತು ಅವರದ್ದಲ್ಲ. ಯಾರೋ ಅವರ ಚಿತ್ರದ ಕೆಳಗೆ ತಮಾಷೆಗೆ ಬರೆದು ಹಾಕಿದ್ದು, ಕೈಯಿಂದ ಕೈಗೆ ದಾಟುತ್ತಾ ನಿಜದ ಹಾಗೆ ಆಗಿಬಿಟ್ಟಿದೆ. ಅವರು ನಿಜವಾಗಿ ದೂರಿದ್ದು ಬೇರೆ. ಚಿತ್ರ ಬಿಡಿಸುವವರು ಎದುರಿಗಿರುವ ಮನುಷ್ಯರನ್ನು ಗಮನವಿಟ್ಟು ನೋಡಬೇಕು, ಈಗ ಈ ಕೆಲಸಕ್ಕೆ ಬರುವ ಎಷ್ಟೋ ಜನರಿಗೆ ಮನುಷ್ಯರನ್ನು ನೋಡುವುದೇ ಇಷ್ಟವಿಲ್ಲ, ಎಂಬ ಅರ್ಥದ ಮಾತು. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ಸುಳ್ಳು ಮಾತು ನಿನ್ನ ಸಿಟ್ಟಿಗೆ ತಾಳ ಹಾಕುತ್ತದೆ, ಅಷ್ಟೇ. ನಿಜವಾದ ಮಾತು ಹಿಡಿದುಕೊಂಡರೆ ನಿನಗೆ ಬರೆಯಲು ಹತ್ತು ಪುಟದಷ್ಟು ವಿಷಯ ಸಿಗುತ್ತದೆ. ದೊಡ್ಡವರ ಹೆಸರಿನ ಮಾತು ಕಂಡಾಗಲೆಲ್ಲ ‘ಎಲ್ಲಿ ಹೇಳಿದ್ದು, ಯಾವಾಗ’ ಅಂತ ಹುಡುಕು. ಸಿಗದಿದ್ದರೆ ಬಿಟ್ಟುಬಿಡು.

ಎರಡನೆಯ ಗುರುತು ‘ಹಿಂದಿನ ಕಾಲದಲ್ಲಿ ಹೀಗಿರಲಿಲ್ಲ’ ಅನ್ನುವ ಸಾಲಿಗೆ. ನಿನ್ನ ಲೇಖನದಲ್ಲಿ ಈ ಮಾತು ಐದು ಸಲ ಬರುತ್ತದೆ. ಹಿಂದಿನ ಕಾಲ ಅಂದರೆ ಯಾವುದು?

1963ರ ಜನವರಿ 1ರಂದು ಕಾಮಿಕ್ಸ್ ಕಲಾವಿದ ಒಸಾಮು ತೆಜುಕಾ ಅವರ ‘ಟೆಟ್ಸುವಾನ್ ಆಟಮ್’ (ಹೊರಗೆ ‘ಆಸ್ಟ್ರೋ ಬಾಯ್’ ಎಂದು ಹೆಸರು) ಜಪಾನಿನ ಟಿವಿಯಲ್ಲಿ ಶುರುವಾಯಿತು. ವಾರಕ್ಕೊಂದು ಅರ್ಧ ಗಂಟೆಯ ಕಂತು. ಸೆಕೆಂಡಿಗೆ 24 ಚೌಕಟ್ಟು ಓಡುವ ಫಿಲಂನಲ್ಲಿ ಪ್ರತಿ ಚೌಕಟ್ಟಿಗೂ ಹೊಸ ಚಿತ್ರ ಬಿಡಿಸಲು ಅವರ ಹತ್ತಿರ ಜನವೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಒಂದೊಂದು ಚಿತ್ರವನ್ನು ಮೂರು ಚೌಕಟ್ಟಿಗೆ ಬಳಸಿದರು. ಬಿಡಿಸಿದ ಹಾಳೆಗಳನ್ನು ‘ಬ್ಯಾಂಕ್’ ಎಂದು ಎತ್ತಿಟ್ಟು, ಅದೇ ಓಟ, ಅದೇ ಹಾರಾಟವನ್ನು ಬೇರೆ ಕಂತುಗಳಲ್ಲಿ ಮತ್ತೆ ತೋರಿಸಿದರು. ಅಷ್ಟರಲ್ಲಾಗಲೇ ತೋಯೆಯ ಸ್ಟುಡಿಯೋ ದೊಡ್ಡ ಪರದೆಗೆ ಮೈತುಂಬಾ ಚಲಿಸುವ ಚಿತ್ರಗಳನ್ನು ಮಾಡುತ್ತಿತ್ತು. ಮಿಯಾಜಾಕಿ ಅಲ್ಲಿ ಕೆಲಸಕ್ಕೆ ಸೇರಿದ್ದೂ 1963ರಲ್ಲೇ. 1989ರಲ್ಲಿ ತೆಜುಕಾ ತೀರಿಕೊಂಡಾಗಲೂ ಮಿಯಾಜಾಕಿ ಆ ಟಿವಿ ಹಾದಿಯ ಬಗ್ಗೆ ಕಟುವಾಗಿಯೇ ಮಾತಾಡಿದರು. ಕಡಿಮೆ ದುಡ್ಡಿಗೆ ಕಂತು ಮಾಡಿಕೊಡುವ ರೂಢಿ ಅಲ್ಲಿಂದ ಬಂತು ಅನ್ನುವುದು ಅವರ ದೂರು. ಅಂದರೆ ಗುಣಮಟ್ಟ ಇಳಿಯಿತು ಎಂಬ ಜಗಳಕ್ಕೆ ಟಿವಿ ಅನಿಮೆಯಷ್ಟೇ ವಯಸ್ಸಾಗಿದೆ. ನಿನ್ನ ಲೇಖನ ಆ ಜಗಳದ ನಡುವೆ ಬಂದು ಕೂರುತ್ತದೆ. ಅದನ್ನು ತಿಳಿದುಕೊಂಡು ಕೂರಬೇಕು, ಅಲ್ವಾ?

ಆಗ ಕಲೆ ಇತ್ತು, ಈಗ ಬರೀ ವ್ಯಾಪಾರ ಅಂತಲೂ ಬರೆದಿದ್ದೀಯ. 1979ರ ‘ಮೊಬೈಲ್ ಸೂಟ್ ಗುಂಡಮ್’ ತೆಗೆದುಕೋ. ದುಡ್ಡು ಹಾಕಿದ್ದು ಆಟಿಕೆ ಕಂಪನಿ. 52 ಕಂತು ಅಂದುಕೊಂಡಿದ್ದನ್ನು ನೋಡುಗರು ಸಾಲದೆ 43ಕ್ಕೇ ಮುಗಿಸಬೇಕಾಯಿತು. ಆಮೇಲೆ ಅದರ ಯಂತ್ರಮಾನವರ ಪ್ಲಾಸ್ಟಿಕ್ ಮಾದರಿಗಳು ಮಾರಾಟವಾದ ಮೇಲೆ ಕಥೆ ಬದಲಾಯಿತು. 1974ರಲ್ಲಿ ಶುರುವಾದ ‘ಸ್ಪೇಸ್ ಬ್ಯಾಟಲ್‌ಶಿಪ್ ಯಮಾತೊ’ ಕೂಡ ಹೀಗೇ ಅರ್ಧಕ್ಕೆ ಮೊಟಕಾಯಿತು. ಅದೇ ಹೊತ್ತಿಗೆ ಇನ್ನೊಂದು ಚಾನೆಲ್‌ನಲ್ಲಿ ನಿರ್ದೇಶಕ ತಕಹಾತಾ ಅವರ ‘ಹೈಡಿ’ ಬರುತ್ತಿತ್ತು, ಮನೆಮಂದಿಯೆಲ್ಲ ಅದನ್ನು ನೋಡುತ್ತಿದ್ದರು. ಇವತ್ತು ಗುಂಡಮ್, ಯಮಾತೊ ಎರಡನ್ನೂ ನಾವು ಪೂಜಿಸುತ್ತೇವೆ. ಆ ವರ್ಷಗಳಲ್ಲಿ ಬಂದು ಯಾರ ನೆನಪಿನಲ್ಲೂ ಉಳಿಯದೆ ಹೋದ ಸರಣಿಗಳನ್ನು ನೀನು ನೋಡಿಲ್ಲ, ನಾನೂ ನೋಡಿಲ್ಲ. ಹಳೆಯದರಲ್ಲಿ ಜರಡಿಯ ಮೇಲೆ ಉಳಿದದ್ದನ್ನೂ, ಈ ವರ್ಷದ್ದರಲ್ಲಿ ಚೀಲಕ್ಕೆ ಚೀಲವನ್ನೂ ತಂದು ಹೋಲಿಸಿದರೆ ಹೊಸದು ಗೆಲ್ಲುವುದಾದರೂ ಹೇಗೆ?

ನನಗೂ ಹಳೆಯದರ ಮೇಲೆ ಮೋಹ ಇದೆ. ತೊಂಬತ್ತರ ದಶಕದ ಶುರುವಿನಲ್ಲಿ ದೂರದರ್ಶನದಲ್ಲಿ ಮೊಗ್ಲಿ ಬರುತ್ತಿದ್ದ. ನಾನಾಗ ಮಿಡ್ಲ್ ಸ್ಕೂಲು. ಎದುರು ಮನೆಯ ಜಗಲಿಯಲ್ಲಿ ಕೂತು ನೋಡುತ್ತಿದ್ದೆವು. ಹಿಂದಿ ಅರ್ಧ ಅರ್ಥವಾಗುತ್ತಿತ್ತು, ಹಾಡು ಪೂರ್ತಿ ಬಾಯಿಗೆ ಬರುತ್ತಿತ್ತು. ಅದು ನಿಪ್ಪಾನ್ ಅನಿಮೇಶನ್ ಮಾಡಿದ ಜಪಾನಿನ ಸರಣಿ ಅಂತ ನನಗೆ ತಿಳಿದದ್ದು ಮದುವೆಯಾದ ಮೇಲೆ! ಆ ಜಗಲಿಯ ನೆನಪು ಮೊಗ್ಲಿಗೆ ಎಷ್ಟು ಅಂಕ ಕೊಡಿಸಿದೆಯೋ ನನಗೆ ಬಿಡಿಸಿ ಹೇಳಲಾಗದು. ಅದಕ್ಕೇ ಗುಣಮಟ್ಟದ ಮಾತು ಬಂದಾಗ ನಾನು ಮೊಗ್ಲಿಯನ್ನು ಸಾಕ್ಷಿಗೆ ಕರೆಯುವುದಿಲ್ಲ.

ಇಸೆಕಾಯಿ ಬಗ್ಗೆ ಮೂರು ಪುಟ ಬರೆದಿದ್ದೀಯ. ಸತ್ತು ಬೇರೆ ಲೋಕದಲ್ಲಿ ಹುಟ್ಟುವ ಹುಡುಗರ ಹನ್ನೆರಡು ಸರಣಿಗಳ ಹೆಸರು, ಪ್ರತಿಯೊಂದಕ್ಕೂ ಒಂದು ಬೈಗುಳ. ಇದನ್ನು ಅರ್ಧ ಪುಟಕ್ಕೆ ಇಳಿಸು. ಅವು ಯಾಕೆ ಇಷ್ಟೊಂದು ಬರುತ್ತವೆ ಅನ್ನುವುದನ್ನು ಹೇಳು, ಸಾಕು. 2004ರಲ್ಲಿ ಶುರುವಾದ ‘ಶೋಸೆತ್ಸುಕಾ ನಿ ನರೋ’ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಕಾದಂಬರಿ ಬರೆದು ಹಾಕಬಹುದು. ಯಾವುದಕ್ಕೆ ಓದುಗರು ಹೆಚ್ಚು ಎನ್ನುವುದು ಅಲ್ಲೇ ಕಾಣುತ್ತದೆ. ಪ್ರಕಾಶಕರು ಮೇಲಿನವನ್ನು ಎತ್ತಿಕೊಂಡು ಪುಸ್ತಕ ಮಾಡುತ್ತಾರೆ, ಆಮೇಲೆ ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್, ಆಮೇಲೆ ಅನಿಮೆ. ದುಡ್ಡು ಹಾಕುವವರಿಗೆ ಓದುಗರು ಮೊದಲೇ ಇದ್ದಾರೆ ಎಂಬ ಧೈರ್ಯ. ಅನಿಮೆಗೆ ಹೆಚ್ಚಾಗಿ ದುಡ್ಡು ಹಾಕುವುದು ನಿರ್ಮಾಣ ಸಮಿತಿ. ಪ್ರಕಾಶಕರು, ಟಿವಿಯವರು, ಸಂಗೀತ ಕಂಪನಿ, ಆಟಿಕೆ ಕಂಪನಿ ಎಲ್ಲರೂ ಪಾಲು ಹಾಕುತ್ತಾರೆ. ನಷ್ಟ ಬಂದರೆ ಹಂಚಿಹೋಗುತ್ತದೆ. ಲಾಭವೂ ಪಾಲು ಹಾಕಿದವರಿಗೇ ಹೋಗುತ್ತದೆ. ಚಿತ್ರ ಬಿಡಿಸಿದ ಸ್ಟುಡಿಯೋ ಪಾಲು ಹಾಕಿರದಿದ್ದರೆ ಅದಕ್ಕೆ ಸಿಗುವುದು ಹೆಚ್ಚಾಗಿ ಮೊದಲೇ ಮಾತಾಡಿಕೊಂಡ ಕೂಲಿ ಮಾತ್ರ.

ನಿನ್ನ ಲೇಖನದಲ್ಲಿ ಇಲ್ಲದ್ದು ಈ ಕೂಲಿಯ ವಿಷಯ. ನನ್ನ ಮಟ್ಟಿಗೆ ಇಡೀ ಚರ್ಚೆಯ ಜೀವ ಅಲ್ಲಿದೆ.

ಒಂದು ಚಲನೆಯ ಮುಖ್ಯ ಭಂಗಿಗಳನ್ನು ಬಿಡಿಸುವುದು ಗೆಂಗಾ. ಎರಡು ಭಂಗಿಗಳ ನಡುವಿನ ಹಾಳೆಗಳನ್ನು ತುಂಬುವುದು ದೋಗಾ. ಕೈ ಮೇಲೆತ್ತಿದ ಒಂದು ಚಿತ್ರ, ಕೆಳಗಿಳಿಸಿದ ಒಂದು ಚಿತ್ರ ಗೆಂಗಾದವರು ಕೊಟ್ಟರೆ, ಆ ಕೈ ಹೇಗೆ ಇಳಿಯಿತು ಅನ್ನುವುದನ್ನು ದೋಗಾದವರು ಗೆರೆ ಗೆರೆಯಾಗಿ ಬಿಡಿಸಬೇಕು. ಇಪ್ಪತ್ತನಾಲ್ಕು ನಿಮಿಷದ ಒಂದು ಕಂತಿಗೆ ಮೂರ್ನಾಲ್ಕು ಸಾವಿರ ಹಾಳೆ ಸಾಮಾನ್ಯ. ಕೂಲಿ ಹಾಳೆಯ ಲೆಕ್ಕದಲ್ಲಿ, ಬಹಳ ಕಾಲ ಒಂದಕ್ಕೆ ಸುಮಾರು 200 ಯೆನ್ ಇತ್ತು. ಜಪಾನಿನ ಅನಿಮೇಟರುಗಳ ಸಂಘ ಜಾನಿಕಾ 2015ರಲ್ಲಿ ಹೊರತಂದ ಸಮೀಕ್ಷೆಯಲ್ಲಿ ದೋಗಾ ಬಿಡಿಸುವವರ ವರ್ಷದ ಸರಾಸರಿ ಗಳಿಕೆ 11 ಲಕ್ಷ ಯೆನ್ ಆಸುಪಾಸು. ತಿಂಗಳಿಗೆ ಒಂದು ಲಕ್ಷವೂ ಇಲ್ಲ. ಟೋಕಿಯೋದಲ್ಲಿ ಅಷ್ಟರಲ್ಲಿ ಬಾಡಿಗೆ ಕಟ್ಟಿ ಊಟ ಮಾಡುವುದು ಕಷ್ಟ. ಇನ್ನೊಂದು ಕಡೆ, 2023ರಲ್ಲಿ ಅನಿಮೆಯ ಒಟ್ಟು ಮಾರುಕಟ್ಟೆ 3 ಲಕ್ಷ ಕೋಟಿ ಯೆನ್ ದಾಟಿತು.

ಇದು ಬರೀ ಬಡತನದ ಕಥೆ ಅಂದುಕೊಳ್ಳಬೇಡ. ದೋಗಾ ಅನ್ನುವುದು ಈ ಕೆಲಸದ ಪಾಠಶಾಲೆ. ಬೇರೆಯವರ ಒಳ್ಳೆಯ ಗೆರೆಗಳ ನಡುವೆ ಎರಡು ವರ್ಷ ಕಳೆದರೆ ಮೈಭಾರ, ಬಟ್ಟೆಯ ಜೋಲು, ಕೂದಲ ಹಾರಾಟ ಕೈಗೆ ಹತ್ತುತ್ತವೆ. ಅಲ್ಲಿಂದ ಗೆಂಗಾಕ್ಕೆ ಏರುತ್ತಾರೆ. ಈಗ ದೋಗಾದ ದೊಡ್ಡ ಪಾಲು ಚೀನಾ, ಕೊರಿಯಾ, ವಿಯೆಟ್ನಾಂ, ಫಿಲಿಪ್ಪೀನ್ಸ್‌ಗೆ ಹೋಗುತ್ತದೆ. ಅಲ್ಲಿಯ ಕೆಲಸಗಾರರ ತಪ್ಪೇನಿಲ್ಲ, ಅವರಲ್ಲಿ ಬಹಳ ನುರಿತವರಿದ್ದಾರೆ. ಆದರೆ ಟೋಕಿಯೋದ ಹೊಸಬರಿಗೆ ಹಿರಿಯರ ಮೇಜಿನ ಪಕ್ಕ ಕೂತು ಕಲಿಯುವ ಜಾಗ ಕಿರಿದಾಯಿತು. ವರ್ಷಕ್ಕೆ ಸುಮಾರು 300 ಸರಣಿ ಬರುವಾಗ ಗೆಂಗಾಕ್ಕೆ ಜನ ಬೇಕೇ ಬೇಕು. ಪಾಠ ಮುಗಿಯದವರನ್ನೂ ಕೂರಿಸುತ್ತಾರೆ. ಅವರ ಹಾಳೆಗಳನ್ನು ತಿದ್ದುವವರು ಸಾಕುಗಾ ಕಾಂತೋಕು, ಅಂದರೆ ಚಿತ್ರಗಳ ಮೇಸ್ತ್ರಿ. ಹಿಂದೆ ಒಂದು ಕಂತಿಗೆ ಇಂಥವರು ಒಬ್ಬರೋ ಇಬ್ಬರೋ ಇರುತ್ತಿದ್ದರು. ಈಗ ಕೆಲವು ಕಂತುಗಳಲ್ಲಿ ಹತ್ತು ಹದಿನೈದು ಹೆಸರು ಕಾಣುತ್ತವೆ. ಕಂತಿನ ಕೊನೆಗೆ ಹೆಸರುಗಳು ಓಡುವಾಗ ನಿಲ್ಲಿಸಿ ನೋಡು. ಜಪಾನಿ ಬರದಿದ್ದರೂ ಈ ಮೂರು ಪದಗಳ ಅಕ್ಷರ ಗುರುತಿಸುವುದನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಮೇಸ್ತ್ರಿಗಳ ಸಾಲು ಉದ್ದವಾಗಿದ್ದರೆ ಸಮಯ ಸಾಲದೆ ಕೊನೆ ಗಳಿಗೆಯಲ್ಲಿ ತಿದ್ದಿದ್ದು ಇರಬಹುದು. ಯಾವಾಗಲೂ ಹಾಗಲ್ಲ, ಆದರೆ ಬಹಳ ಸಲ ಹಾಗೇ. ನೀನು ‘ಸೋಮಾರಿ ಕೆಲಸ’ ಎಂದು ಬರೆದಿದ್ದೀಯಲ್ಲ, ಆ ಒಂದು ಪದವನ್ನು ದಯವಿಟ್ಟು ಹೊಡೆದುಹಾಕು. ಮೂರು ರಾತ್ರಿ ನಿದ್ದೆಗೆಟ್ಟು ಬಿಡಿಸಿದ ಹಾಳೆ ಕೆಟ್ಟದಾಗಿರಬಹುದು. ಅದನ್ನು ಸೋಮಾರಿತನ ಅನ್ನಬಾರದು.

ಈ ವಿಷಯ ನನಗೆ ಇಷ್ಟು ತಾಗಲು ಕಾರಣ ಇದೆ. ಇಪ್ಪತ್ತೆರಡನೇ ವಯಸ್ಸಿಗೆ ನಾನು ಒಂದು ವಾರಪತ್ರಿಕೆ ಸೇರಿದೆ. ಎರಡು ವರ್ಷ ಬರೀ ಕರಡು ತಿದ್ದಿದೆ. ಪಕ್ಕದಲ್ಲಿ ಕೂತ ಹಿರಿಯರು ನಾನು ಬಿಟ್ಟ ತಪ್ಪುಗಳಿಗೆ ಕೆಂಪು ಸುತ್ತು ಹಾಕಿ, ಏನೂ ಹೇಳದೆ ಹಾಳೆ ವಾಪಸ್ ತಳ್ಳುತ್ತಿದ್ದರು. ಒಂದು ವಾಕ್ಯ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಅನ್ನುವುದನ್ನು ನಾನು ಕಲಿತದ್ದು ಅಲ್ಲಿ. ಕೆಲವು ವರ್ಷಗಳ ನಂತರ ಕರಡಿನ ಕೆಲಸವನ್ನು ಹೊರಗೆ ಕೊಟ್ಟುಬಿಟ್ಟರು. ಆಮೇಲೆ ಬಂದ ಹುಡುಗ ಹುಡುಗಿಯರು ಮೊದಲ ದಿನದಿಂದಲೇ ಲೇಖನ ಬರೆಯಬೇಕಾಯಿತು. ಅವರಲ್ಲಿ ನನಗಿಂತ ಚುರುಕಾದವರಿದ್ದರು. ತಿದ್ದಿ ಹೇಳುವವರು ಮಾತ್ರ ಪಕ್ಕದಲ್ಲಿರಲಿಲ್ಲ. ಅವರ ಬರಹ ಸಪ್ಪೆ ಎಂದು ಓದುಗರು ಬೈದಾಗ ನನಗೆ ಹೊಟ್ಟೆ ಉರಿಯುತ್ತಿತ್ತು.

ಬೇರೆ ದಾರಿಯೇ ಇಲ್ಲ ಅಂತಲ್ಲ. ಕ್ಯೋಟೋ ಅನಿಮೇಶನ್ ಎಂಬ ಸ್ಟುಡಿಯೋ ಹಾಳೆ ಲೆಕ್ಕ ಬಿಟ್ಟು ತನ್ನವರಿಗೆ ಸಂಬಳ ಕೊಡುತ್ತದೆ. ತನ್ನದೇ ತರಬೇತಿ ಶಾಲೆ ಇಟ್ಟುಕೊಂಡಿದೆ. ಹೆಚ್ಚಿನ ಕೆಲಸ ಸ್ಟುಡಿಯೋದೊಳಗೇ ನಡೆಯುತ್ತದೆ. 2019ರ ಜುಲೈ 18ರಂದು ಒಬ್ಬ ಅಲ್ಲಿ ಬೆಂಕಿ ಹಚ್ಚಿ 36 ಜನ ಸತ್ತರು. ಅಂದು ಹೋದದ್ದು ಮೂವತ್ತಾರು ಜೀವ, ಜೊತೆಗೆ ಅವರು ಮುಂದಿನವರಿಗೆ ಕಲಿಸಬೇಕಿದ್ದ ವಿದ್ಯೆ. ಅಷ್ಟಾದರೂ ಆ ಸ್ಟುಡಿಯೋ ಮತ್ತೆ ಕೆಲಸಕ್ಕೆ ಕೂತಿತು. ಉದ್ಯಮದ ದಿಕ್ಕು ಎಂದು ಬರೆಯುವಾಗ ಈ ಹೆಸರನ್ನು ನೀನು ಬಿಟ್ಟದ್ದು ನನಗೆ ಬೇಸರವಾಯಿತು.

ಕಂಪ್ಯೂಟರ್ ಗ್ರಾಫಿಕ್ಸ್ ಬಗ್ಗೆ ನಮ್ಮಿಬ್ಬರ ಅಭಿಪ್ರಾಯ ಕೂಡುವುದಿಲ್ಲ. ‘ಲ್ಯಾಂಡ್ ಆಫ್ ದಿ ಲಸ್ಟ್ರಸ್’ ಅನ್ನು 2017ರಲ್ಲಿ ಆರೆಂಜ್ ಸ್ಟುಡಿಯೋ ಕಂಪ್ಯೂಟರಿನಲ್ಲೇ ಮಾಡಿತು. ಅದರ ಪಾತ್ರಗಳೇ ರತ್ನಗಳು. ಅವುಗಳ ಕೂದಲಲ್ಲಿ ಬೆಳಕು ಹೊಕ್ಕು ಹೊರಬರುವುದನ್ನು ಒಮ್ಮೆ ನೋಡು, ಆಮೇಲೆ ಮಾತಾಡೋಣ.

ಇನ್ನೊಂದು ಗುರುತು ಹೊಗಳಿಕೆಯ ಮೇಲೆ. ಫ್ರೀರೆನ್ ಎಂಬ ಸರಣಿಯ ಬಗ್ಗೆ ‘ಅದ್ಭುತ, ಅಮೋಘ’ ಎಂದು ಬರೆದು ಮುಂದೆ ಹೋಗಿಬಿಟ್ಟೆ. ನಿನ್ನ ಓದುಗರಲ್ಲಿ ಅದನ್ನು ನೋಡದವರು ಜಾಸ್ತಿ. ಅವರಿಗೆ ಮೊದಲ ಕಂತನ್ನು ತೋರಿಸು. ಹತ್ತು ವರ್ಷ ಜೊತೆಗೆ ತಿರುಗಿದ ನಾಲ್ವರು ಉಲ್ಕೆ ಸುರಿಯುವುದನ್ನು ನೋಡುತ್ತಾರೆ. ಐವತ್ತು ವರ್ಷ ಬಿಟ್ಟು ಮತ್ತೆ ನೋಡೋಣ ಅಂದುಕೊಳ್ಳುತ್ತಾರೆ. ಅವರಲ್ಲೊಬ್ಬಳು, ಸಾವಿರಾರು ವರ್ಷ ಬದುಕುವ ಫ್ರೀರೆನ್‌ಗೆ ಐವತ್ತು ಏನೂ ಅಲ್ಲ. ಅವಳು ಹೇಗೆ ಹೋದಳೋ ಹಾಗೇ ತಿರುಗಿ ಬರುತ್ತಾಳೆ, ಜೊತೆಗಾರ ಹಿಮ್ಮೆಲ್ ಬೋಳು ತಲೆಯ ಮುದುಕನಾಗಿ ನಿಂತಿರುತ್ತಾನೆ. ಸ್ವಲ್ಪ ದಿನಕ್ಕೆ ಅವನು ಸಾಯುತ್ತಾನೆ. ಅವನನ್ನು ಮಣ್ಣು ಮಾಡುವಾಗ ಅವಳಿಗೆ ಅಳು ಬರುತ್ತದೆ, ಅವನನ್ನು ತಿಳಿಯಲು ನಾನು ಯಾಕೆ ಪ್ರಯತ್ನಿಸಲಿಲ್ಲ ಅಂತ. ನೋಡು, ನಾನು ಅದ್ಭುತ ಎನ್ನಲೇ ಇಲ್ಲ. ಇದು 2023ರ ಸರಣಿ. ನೀನು ಸತ್ತಿದೆ ಎಂದ ಉದ್ಯಮದಿಂದ ಬಂದದ್ದು. ಲೇಖನದಲ್ಲಿ ಇದಕ್ಕೂ ಒಂದು ಉತ್ತರ ಇರಬೇಕು.

ನಾವು ಕನ್ನಡದವರು ಇದನ್ನೆಲ್ಲ ಯಾಕೆ ಬರೆಯಬೇಕು ಅಂತ ಕೊನೆಯಲ್ಲಿ ಅಳುಕಿದ್ದೀಯ. ಅಳುಕಬೇಡ. ಆ 3 ಲಕ್ಷ ಕೋಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜಪಾನಿನ ಹೊರಗಿನಿಂದ ಬಂದ ದುಡ್ಡು. 2019ರಲ್ಲಿ ‘ವೆದರಿಂಗ್ ವಿತ್ ಯೂ’ ಎಂಬ ಅನಿಮೆ ಚಿತ್ರ ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದದ್ದೇ ಇಲ್ಲಿಯ ಅಭಿಮಾನಿಗಳು ಸಹಿ ಹಾಕಿ ಕೇಳಿದ ಮೇಲೆ. ಜಪಾನಿನ ಯುಗೋ ಸಾಕೋ, ಕೊಯಿಚಿ ಸಾಸಾಕಿ ಮತ್ತು ನಮ್ಮ ದೇಶದ ರಾಮ್ ಮೋಹನ್ ಸೇರಿ ಮಾಡಿದ 1992ರ ರಾಮಾಯಣ ಚಿತ್ರ 2025ರ ಜನವರಿಯಲ್ಲಿ ಮತ್ತೆ ತೆರೆಗೆ ಬಂದಾಗ ಮಗಳನ್ನು ಕರೆದುಕೊಂಡು ಹೋಗಿದ್ದೆ. ಹನುಮಂತ ಸಮುದ್ರ ದಾಟುವಾಗ ಅವಳು ನನ್ನ ಕೈ ಹಿಡಿದುಕೊಂಡಳು. ಆ ಹಾಳೆಗಳನ್ನು ಬಿಡಿಸಿದವರು ಯಾರು ಅಂತ ಮನೆಗೆ ಬರುವ ದಾರಿಯಲ್ಲಿ ಕೇಳಿದಳು. ಹನ್ನೊಂದು ವರ್ಷದ ಹುಡುಗಿಗೆ ಬಂದ ಪ್ರಶ್ನೆಯನ್ನೇ ನಾನು ನಿನಗೂ ದಾಟಿಸುತ್ತಿದ್ದೇನೆ.

ಹೊಸ ಕರಡು ಎರಡು ಸಾವಿರ ಪದದೊಳಗೆ ಇರಲಿ. ಹನ್ನೆರಡು ಸರಣಿಗಳ ಜಾಗದಲ್ಲಿ ಎರಡು ಸಾಕು. ಒಂದು ನಿನಗೆ ಇಷ್ಟವಾದದ್ದು, ಒಂದು ಆಗದ್ದು. ಎರಡರದೂ ಒಂದೊಂದು ಕಂತಿನ ಹೆಸರುಪಟ್ಟಿಯನ್ನು ನಿಲ್ಲಿಸಿ ಬರೆದುಕೋ. ಗೆಂಗಾ ಎಷ್ಟು ಜನ, ದೋಗಾ ಎಲ್ಲಿ ಆಯಿತು, ಮೇಸ್ತ್ರಿಗಳು ಎಷ್ಟು. ಆ ಚೀಟಿಯನ್ನೂ ಲೇಖನದ ಜೊತೆಗೇ ಕಳಿಸು. ಯುಗಾದಿಗೆ ನಾನು ಊರಲ್ಲಿರುತ್ತೇನೆ, ಓದಿ ಫೋನ್ ಮಾಡುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ