ಡಿವೈಡರ್ ಇದ್ದರೆ ಬಸ್ಸಿಗೆ ನಿಲ್ಲಬೇಕೇ? ಪೋಷಕರಿಗೊಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ.

ನಮ್ಮ ಭಾನುವಾರದ ಕನ್ನಡ ಶಾಲೆಗೆ ಬಸ್ಸೇ ಇಲ್ಲ. ಮಕ್ಕಳನ್ನು ನೀವೇ ಕರೆತರುತ್ತೀರಿ, ನೀವೇ ಕರೆದುಕೊಂಡು ಹೋಗುತ್ತೀರಿ. ಹೀಗಿರುವಾಗ ಕಾಗುಣಿತ ಕಲಿಸುವ ಮೇಡಂಗೆ ಶಾಲಾ ಬಸ್ಸಿನ ಉಸಾಬರಿ ಯಾಕೆ ಎಂದು ಕೆಲವರಿಗಾದರೂ ಅನ್ನಿಸೀತು. ಕಾರಣ ಇದೆ. ನಾವಿರುವ ಟೆಕ್ಸಸ್ ರಾಜ್ಯದ ಡಲ್ಲಾಸ್ ಸುತ್ತಮುತ್ತ ಆಗಸ್ಟ್‌ನಲ್ಲಿ ಶಾಲೆಗಳು ಶುರುವಾದವಲ್ಲ, ಕಳೆದ ವಾರ ಕಾಫಿ ಹೊತ್ತಿನಲ್ಲಿ ನಿಮ್ಮ ನಡುವೆ ಒಂದೇ ಚರ್ಚೆ: ರಸ್ತೆ ಮಧ್ಯೆ ಡಿವೈಡರ್ ಇದ್ದರೆ ಎದುರುಗಡೆ ಮಕ್ಕಳಿಗಾಗಿ ನಿಂತ ಹಳದಿ ಶಾಲಾ ಬಸ್ಸಿಗೆ ನಾವು ಕಾರು ನಿಲ್ಲಿಸಬೇಕಾ, ಬೇಡವಾ? ಕ್ಯಾಲಿಫೋರ್ನಿಯಾದಿಂದ ಬಂದವರು "ನಾಲ್ಕು ಲೇನ್ ಇದ್ದರೆ ಬೇಡ ರೀ" ಅಂದರು. ನ್ಯೂಯಾರ್ಕಿನಿಂದ ಬಂದವರು "ಏನೇ ಇರಲಿ, ನಿಲ್ಲಲೇಬೇಕು" ಅಂದರು. ಬೆಂಗಳೂರಿನಿಂದ ಈಗಷ್ಟೇ ಬಂದಿಳಿದವರು ಇಬ್ಬರ ಮುಖವನ್ನೂ ನೋಡುತ್ತ ನಿಂತಿದ್ದರು. ತಮಾಷೆ ಎಂದರೆ, ತಾವು ಬಿಟ್ಟುಬಂದ ರಾಜ್ಯದ ಮಟ್ಟಿಗೆ ಇಬ್ಬರು ಹೇಳಿದ್ದೂ ಸರಿ. ಟೆಕ್ಸಸ್ ಮಟ್ಟಿಗೆ ಇಬ್ಬರದೂ ತಪ್ಪು.

ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದರೂ ಪೂರ್ತಿ ಓದಿ. ಮನೆಯಲ್ಲಿ ಅಜ್ಜಿ ತಾತ ಬಂದಿದ್ದರೆ ಅವರಿಗೂ ಓದಿ ಹೇಳಿ. ಅರ್ಧ ಪತ್ರ ಅವರಿಗಾಗಿಯೇ ಬರೆದದ್ದು.

ಮೊದಲು ಗೊಂದಲವೇ ಇಲ್ಲದ ಮಾತು ಹೇಳಿಬಿಡುತ್ತೇನೆ. ಬಸ್ಸು ಹೋಗುತ್ತಿರುವ ದಿಕ್ಕಿನಲ್ಲೇ ನೀವೂ ಹೋಗುತ್ತಿದ್ದರೆ, ಅದು ಮಕ್ಕಳನ್ನು ಹತ್ತಿಸಲು ಇಳಿಸಲು ನಿಂತು ಕೆಂಪು ದೀಪ ಮಿನುಗಿಸಿತೆಂದರೆ, ನಿಲ್ಲಬೇಕು. ಡಿವೈಡರ್ ಇದ್ದರೂ ನಿಲ್ಲಬೇಕು, ಇಲ್ಲದಿದ್ದರೂ ನಿಲ್ಲಬೇಕು. ಬಸ್ಸು ಬಲಗಡೆಯ ಲೇನಿನಲ್ಲಿದೆ, ನಾನು ಮೂರನೆಯ ಲೇನಿನಲ್ಲಿದ್ದೇನೆ, ನಡುವೆ ಒಂದು ಲೇನ್ ಖಾಲಿ ಇದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಊರಿನಲ್ಲಿ ಬಸ್ಸು ನಿಂತರೆ ಒಂದು ಹಾರ್ನ್ ಹೊಡೆದು ಬಲಗಡೆಯಿಂದ ನುಗ್ಗಿ ಹೋಗಿ ಅಭ್ಯಾಸ ನಮಗೆ. ಎಷ್ಟು ವರ್ಷವಾದರೂ ಕೈ ಹಾರ್ನಿನ ಕಡೆ ಹೋಗುತ್ತದೆ. ಆ ಅಭ್ಯಾಸವನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರಬೇಕಿತ್ತು.

ಗೊಂದಲ ಇರುವುದು ಎದುರಿನಿಂದ ಬರುವವರಿಗೆ. ಟೆಕ್ಸಸ್ ಕಾನೂನಿನ ಪ್ರಕಾರ ಎದುರಿನಿಂದ ಬರುವವರೂ ನಿಲ್ಲಬೇಕು. ವಿನಾಯಿತಿ ಇರುವುದು ಎರಡು ದಿಕ್ಕಿನ ರಸ್ತೆಗಳೂ ನಿಜವಾಗಿ ಬೇರೆ ಬೇರೆಯಾಗಿದ್ದಾಗ ಮಾತ್ರ. ನಿಜವಾಗಿ ಬೇರೆ ಎಂದರೆ ಏನು ಎನ್ನುವುದನ್ನೂ ಕಾನೂನೇ ಹೇಳಿದೆ: ನಡುವೆ ವಾಹನ ಓಡಿಸಬಾರದ ಜಾಗ ಇರಬೇಕು, ಇಲ್ಲವೇ ತಡೆಗೋಡೆಯಂಥದ್ದು ಇರಬೇಕು, ಅಥವಾ ವಾಹನ ಆಚೆ ದಾಟದಂತೆ ಕಟ್ಟಿದ ಸ್ಪಷ್ಟವಾದ ವಿಭಾಗ ಇರಬೇಕು. ನಮ್ಮ ಕಡೆಯ ಆರು ಲೇನಿನ ದೊಡ್ಡ ರಸ್ತೆಗಳಲ್ಲಿ ನಡುವೆ ಹುಲ್ಲು ಬೆಳೆಸಿ ಮರ ನೆಟ್ಟಿರುತ್ತಾರಲ್ಲ, ಅಂಥದ್ದು. ಅಲ್ಲಿ ಬಸ್ಸು ಹುಲ್ಲಿನ ಆಚೆ ನಿಂತಿದ್ದರೆ ನೀವು ಮುಂದೆ ಹೋಗಬಹುದು.

ಆದರೆ ಹಳೆಯ ಊರುಗಳ ರಸ್ತೆಗಳಲ್ಲಿ ನಡುವೆ ಹುಲ್ಲೂ ಇರುವುದಿಲ್ಲ, ಕಟ್ಟೆಯೂ ಇರುವುದಿಲ್ಲ. ಹಳದಿ ಗೆರೆ ಎಳೆದ ಒಂದು ಟರ್ನ್ ಲೇನ್ ಇರುತ್ತದೆ. ಎರಡೂ ಕಡೆಯವರು ಎಡಕ್ಕೆ ತಿರುಗಲು ಬಳಸುವ ಐದನೆಯ ಲೇನ್. ನಮ್ಮ ಶಾಲೆಯಲ್ಲೇ ಪೊಲೀಸರಿಂದ ಟಿಕೆಟ್, ಅಂದರೆ ದಂಡದ ಚೀಟಿ, ತಿಂದವರು ಇದ್ದಾರೆ, ಅವರೆಲ್ಲ ಮುಗ್ಗರಿಸಿದ್ದು ಇಲ್ಲಿಯೇ. ರಸ್ತೆ ಇಷ್ಟು ಅಗಲ ಇದೆ, ಬಸ್ಸು ಅಷ್ಟು ದೂರದಲ್ಲಿದೆ, ನಡುವೆ ಒಂದು ಪೂರ್ತಿ ಲೇನ್ ಇದೆ, ಇದು ಡಿವೈಡರ್ ಅಲ್ಲದೆ ಇನ್ನೇನು ಎಂದುಕೊಂಡರು. ಬರೀ ಟರ್ನ್ ಲೇನ್ ಇದ್ದರೆ ಅದು ಬೇರೆ ಬೇರೆ ರಸ್ತೆ ಎನಿಸುವುದಿಲ್ಲ ಎಂದು ಕಾನೂನಿನಲ್ಲಿ ಅದಕ್ಕೆಂದೇ ಒಂದು ಸಾಲು ಬರೆದಿದೆ. ಬಣ್ಣ ಎಷ್ಟೇ ದಪ್ಪ ಬಳಿದಿದ್ದರೂ ಅದು ಬಣ್ಣವೇ. ನಿಲ್ಲಿ.

ನಿಂತ ಮೇಲೆ ಎಲ್ಲಿಯವರೆಗೆ? ಬಸ್ಸು ಹೊರಡಬೇಕು, ಇಲ್ಲವೇ ಕೆಂಪು ದೀಪ ಆರಬೇಕು, ಇಲ್ಲವೇ ಚಾಲಕರೇ ಹೋಗಿ ಎಂದು ಸನ್ನೆ ಮಾಡಬೇಕು. ಮಕ್ಕಳೆಲ್ಲ ಇಳಿದಾಯಿತಲ್ಲ ಎಂದು ನೀವೇ ತೀರ್ಮಾನಿಸಿ ಹೊರಡುವ ಹಾಗಿಲ್ಲ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ ಬಿಡಿ. ಕೆಂಪಿಗೆ ಮೊದಲು ಬಸ್ಸಿನ ಹಳದಿ ದೀಪ ಮಿನುಗಿದಾಗಲೇ ಕನ್ನಡಿ ನೋಡಿ ವೇಗ ಇಳಿಸುತ್ತ ಬಂದರೆ ಹಿಂದಿನವರಿಗೂ ಸುಳಿವು ಸಿಗುತ್ತದೆ. ಹಳದಿ ದೀಪ ಕಂಡೊಡನೆ ಆಕ್ಸಿಲರೇಟರ್ ಒತ್ತಿ ದಾಟಿಬಿಡೋಣ ಎನ್ನುವವರೂ ಇದ್ದಾರೆ. ಯಾರೆಂದು ನಾನು ಹೇಳುವುದಿಲ್ಲ. ನಿಮ್ಮ ಮಕ್ಕಳು ಕ್ಲಾಸಿನಲ್ಲಿ ಎಲ್ಲವನ್ನೂ ಹೇಳುತ್ತಾರೆ ಎನ್ನುವುದು ನೆನಪಿರಲಿ.

ದಂಡದ ವಿಷಯ. ಟೆಕ್ಸಸ್‌ನಲ್ಲಿ ಈ ತಪ್ಪಿಗೆ 500ರಿಂದ 1,250 ಡಾಲರ್. ಐದು ವರ್ಷದೊಳಗೆ ಎರಡನೆಯ ಸಲ ಸಿಕ್ಕಿಬಿದ್ದರೆ 1,000ದಿಂದ 2,000, ಜೊತೆಗೆ ಲೈಸೆನ್ಸನ್ನು ಆರು ತಿಂಗಳವರೆಗೆ ಅಮಾನತಿನಲ್ಲಿಡಲು ನ್ಯಾಯಾಲಯಕ್ಕೆ ಅಧಿಕಾರವಿದೆ. ವೇಗದ ಟಿಕೆಟ್ ಬಂದಾಗ ಡಿಫೆನ್ಸಿವ್ ಡ್ರೈವಿಂಗ್ ಎಂಬ ಸುರಕ್ಷಿತ ಚಾಲನೆಯ ಕೋರ್ಸ್ ಮಾಡಿ ವಜಾ ಮಾಡಿಸಿಕೊಳ್ಳುತ್ತೀರಲ್ಲ, ಆ ದಾರಿ ಇದಕ್ಕೆ ಇಲ್ಲ.

ಬೇರೆ ರಾಜ್ಯಗಳಿಂದ ಬಂದವರು ಮತ್ತು ರಜೆಯಲ್ಲಿ ನೆಂಟರ ಮನೆಗೆ ಕಾರು ಹತ್ತುವವರು ಇದೊಂದು ಪ್ಯಾರಾ ಗಮನವಿಟ್ಟು ಓದಿ. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ದಿಕ್ಕಿಗೆ ಎರಡು ಅಥವಾ ಹೆಚ್ಚು ಲೇನ್ ಇದ್ದರೆ, ಡಿವೈಡರ್ ಇಲ್ಲದಿದ್ದರೂ ಎದುರುಗಡೆಯವರು ನಿಲ್ಲಬೇಕಿಲ್ಲ. ಸ್ಯಾನ್ ಹೊಸೆಯಲ್ಲಿ ಹತ್ತು ವರ್ಷ ಓಡಿಸಿದ ಕೈ ಇಲ್ಲಿ ತಪ್ಪು ಮಾಡುವುದು ಅದಕ್ಕೇ. ಓಹಾಯೋದಲ್ಲೂ ಹೆಚ್ಚುಕಡಿಮೆ ಹಾಗೆಯೇ, ನಾಲ್ಕು ಲೇನಿನ ರಸ್ತೆಯಾದರೆ ಎದುರಿನವರಿಗೆ ವಿನಾಯಿತಿ. ನ್ಯೂಜೆರ್ಸಿಯದು ನಡುವಿನ ದಾರಿ: ಎತ್ತರಿಸಿದ ಡಿವೈಡರಿನ ಆಚೆ ಬಸ್ಸು ನಿಂತಿದ್ದರೆ ಪೂರ್ತಿ ನಿಲ್ಲಬೇಕಿಲ್ಲ, ಆದರೆ ವೇಗವನ್ನು ಗಂಟೆಗೆ 10 ಮೈಲಿಗೆ ಇಳಿಸಿಕೊಂಡು ಹೋಗಬೇಕು. ನ್ಯೂಯಾರ್ಕ್ ಎಲ್ಲರಿಗಿಂತ ಕಟ್ಟುನಿಟ್ಟು. ನಡುವೆ ಗೋಡೆಯೇ ಇರಲಿ, ಮರಗಳ ಸಾಲೇ ಇರಲಿ, ಎರಡೂ ಕಡೆಯವರು ನಿಲ್ಲಬೇಕು. ಒಂದೇ ದೇಶ, ಒಂದೇ ಬಣ್ಣದ ಬಸ್ಸು, ರಾಜ್ಯಕ್ಕೊಂದು ನಿಯಮ. ಬಸ್ಸಿನ ಬಣ್ಣದಲ್ಲಾದರೂ ಒಮ್ಮತ ಬಂದದ್ದು 1939ರಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಫ್ರಾಂಕ್ ಸೈರ್ ಎಂಬ ಪ್ರಾಧ್ಯಾಪಕರು ರಾಜ್ಯಗಳ ಅಧಿಕಾರಿಗಳನ್ನೂ ಬಸ್ ತಯಾರಕರನ್ನೂ ಒಂದೆಡೆ ಕೂರಿಸಿ, ಬೆಳಗಿನ ಮಬ್ಬು ಬೆಳಕಿನಲ್ಲೂ ಕಣ್ಣಿಗೆ ಹೊಡೆಯುವ ಈ ಹಳದಿಯನ್ನು ಆರಿಸಿದರು. ರಸ್ತೆ ನಿಯಮಕ್ಕೂ ಯಾರಾದರೂ ಹಾಗೆ ಕೂರಿಸಿದ್ದರೆ ನನಗೆ ಈ ಪತ್ರ ಬರೆಯುವ ಕೆಲಸ ಉಳಿಯುತ್ತಿತ್ತು.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಡಿವೈಡರ್ ಇರುವ ರಸ್ತೆಯಲ್ಲಿ ಎದುರಿನವರಿಗೆ ವಿನಾಯಿತಿ ಕೊಟ್ಟದ್ದರ ಹಿಂದೆ ಒಂದು ನಂಬಿಕೆ ಇದೆ. ಅಷ್ಟು ದೊಡ್ಡ ರಸ್ತೆಯನ್ನು ಯಾವ ಮಗುವೂ ದಾಟುವುದಿಲ್ಲ ಎಂಬ ನಂಬಿಕೆ. ಬಸ್ಸಿನ ಮಾರ್ಗ ಹಾಕುವವರು ಸಾಮಾನ್ಯವಾಗಿ ಮಗುವಿನ ಮನೆ ಯಾವ ಕಡೆ ಇದೆಯೋ ಆ ಕಡೆಯಲ್ಲೇ ನಿಲ್ದಾಣ ಬರುವಂತೆ ನೋಡಿಕೊಳ್ಳುತ್ತಾರೆ. ಹಾಗಾಗಿ ಹುಲ್ಲಿನ ಈಚೆ 45 ಮೈಲಿ ವೇಗದಲ್ಲಿ ಬರುತ್ತಿರುವ ಕಾರಿನವರು ಕಾನೂನುಬದ್ಧವಾಗಿಯೇ ಬರುತ್ತಿರುತ್ತಾರೆ. ಅವರಿಗೆ ಬ್ರೇಕ್ ಹಾಕುವ ಕಾರಣವೇ ಇಲ್ಲ.

ಈ ನಂಬಿಕೆಯನ್ನು ಮುರಿಯುವವರು ನಾವು. ಆಫೀಸಿನಿಂದ ಬರುವ ದಾರಿಯಲ್ಲಿ ಅಪ್ಪ ಬಸ್ಸಿನ ಹೊತ್ತಿಗೆ ಸರಿಯಾಗಿ ತಲುಪುತ್ತಾರೆ, ಯೂ-ಟರ್ನ್ ಮಾಡಲು ಬೇಸರ, ರಸ್ತೆಯ ಈ ಬದಿಯಲ್ಲೇ ಕಾರು ನಿಲ್ಲಿಸಿ ಕಿಟಕಿಯಿಂದ ಕೈ ಬೀಸುತ್ತಾರೆ. ಇಲ್ಲವೇ ಅಂಗಡಿ ಕಡೆ ನಡೆದುಹೋಗಿದ್ದ ಅಜ್ಜಿ, ಮೊಮ್ಮಗ ಬಸ್ಸಿನಿಂದ ಇಳಿಯುವುದನ್ನು ಈಚೆಯಿಂದಲೇ ಕಂಡು "ಪುಟ್ಟಾ, ಇಲ್ಲಿದೀನಿ ಬಾರೋ" ಎಂದು ಕೂಗುತ್ತಾರೆ. ಅಜ್ಜಿ ಕರೆದರೆ ಮಗು ನಿಂತು ಕಾನೂನು ಓದುವುದಿಲ್ಲ, ಓಡಿಬರುತ್ತದೆ. ಹುಲ್ಲಿನ ತನಕ ಅದರ ಕಡೆಯ ಕಾರುಗಳೆಲ್ಲ ನಿಂತಿರುತ್ತವೆ, ಎಲ್ಲರೂ ತನಗಾಗಿ ನಿಂತಿದ್ದಾರೆ ಎಂದುಕೊಂಡೇ ಹುಲ್ಲು ದಾಟಿ ಈ ಕಡೆಗೆ ಕಾಲಿಡುತ್ತದೆ. ಈ ಕಡೆ ಯಾರೂ ನಿಂತಿರುವುದಿಲ್ಲ.

ಆದ್ದರಿಂದ ನನ್ನ ಕಟ್ಟುನಿಟ್ಟಾದ ವಿನಂತಿ: ಮಗು ಇಳಿಯುವ ಬದಿಯಲ್ಲೇ ನೀವು ನಿಂತಿರಬೇಕು. ತಡವಾಯಿತು, ನೀವು ಆಚೆ ಇದ್ದೀರಿ ಎಂದಾದರೆ ಕರೆಯಬೇಡಿ, ಕೈ ಬೀಸಬೇಡಿ, ನಗಲೂ ಬೇಡಿ. ಸಿಗ್ನಲ್ ಇರುವ ಕಡೆ ದಾಟಿ ಅಲ್ಲಿಗೆ ಹೋಗಿ. ಅಲ್ಲಿಯವರೆಗೆ ಇಳಿದ ಕಡೆಯಲ್ಲೇ, ರಸ್ತೆಯಿಂದ ದೂರ ನಿಂತಿರಬೇಕೆಂದು ಮಗುವಿಗೆ ಮೊದಲೇ ಹೇಳಿಕೊಟ್ಟಿರಿ.

ಹಿರಿಯರಿಗೆ ಇನ್ನೊಂದು ಮಾತು. ಊರಿನಲ್ಲಿ ರಸ್ತೆಗೆ ಇಳಿಯುವಾಗ ನಾವು ಮೊದಲು ಬಲಕ್ಕೆ ನೋಡುತ್ತೇವೆ, ಗಾಡಿ ಬರುವುದು ಆ ಕಡೆಯಿಂದ. ಇಲ್ಲಿ ಮೊದಲ ಗಾಡಿ ಎಡದಿಂದ ಬರುತ್ತದೆ. ಅರವತ್ತು ವರ್ಷದ ಅಭ್ಯಾಸ ಆರು ತಿಂಗಳ ವೀಸಾದಲ್ಲಿ ಬದಲಾಗುವುದಿಲ್ಲ. ಹಾಗಾಗಿ ತಾತನವರು ಮೊಮ್ಮಗಳ ಕೈ ಹಿಡಿದು ದಾಟಿಸುವುದಕ್ಕಿಂತ ಮೊಮ್ಮಗಳೇ ತಾತನ ಕೈ ಹಿಡಿದು ದಾಟಿಸುವುದು ಒಳ್ಳೆಯದು. ಇದನ್ನು ನಾನು ಗೌರವದಿಂದಲೇ ಹೇಳುತ್ತಿದ್ದೇನೆ.

ಎರಡು ಲೇನಿನ ಬಡಾವಣೆ ರಸ್ತೆಗಳಲ್ಲಿ ಮಗು ಬಸ್ಸಿನ ಮುಂದಿನಿಂದ ದಾಟಲೇಬೇಕಾಗುತ್ತದೆ. ಅಲ್ಲಿ ನಡೆಯುವುದನ್ನು ಒಮ್ಮೆ ನಿಂತು ನೋಡಿ. ಹಳದಿ ದೀಪ ಕೆಂಪಾಗುತ್ತದೆ, ಎಡಬದಿಯಿಂದ ಸ್ಟಾಪ್ ಫಲಕ ಹೊರಚಾಚುತ್ತದೆ. ಎಷ್ಟೋ ಬಸ್ಸುಗಳಲ್ಲಿ ಮುಂದಿನ ಬಂಪರಿನಿಂದಲೂ ಒಂದು ಉದ್ದನೆಯ ತೋಳು ಗೇಟಿನಂತೆ ತೆರೆದುಕೊಳ್ಳುತ್ತದೆ. ಆ ತೋಳು ಇರುವುದು ಕಾರಿನವರಿಗಲ್ಲ, ಮಕ್ಕಳಿಗೆ. ಬಸ್ಸಿನ ಮೂತಿಗೆ ಒತ್ತಿಕೊಂಡು ನಡೆಯದೆ ಸುತ್ತಿ ಬರಲಿ, ಚಾಲಕರಿಗೆ ಕಾಣಲಿ ಎಂದು. ಬಸ್ಸಿನ ಸುತ್ತ ಹತ್ತು ಅಡಿಯೊಳಗೆ ಬಗ್ಗಿದ ಮಗು ಚಾಲಕರ ಕಣ್ಣಿಗೆ ಬೀಳುವುದೇ ಕಷ್ಟ. ಚಿತ್ರ ಬಿಡಿಸಿದ ಹಾಳೆ ಗಾಳಿಗೆ ಹಾರಿ ಚಕ್ರದ ಹತ್ತಿರ ಬಿದ್ದರೆ ಮಗು ಮಾಡುವ ಮೊದಲ ಕೆಲಸ ಬಗ್ಗುವುದು. ಬಿದ್ದದ್ದು ಬಿದ್ದಿರಲಿ, ಚಾಲಕರಿಗೆ ಹೇಳು, ಅವರು ಹೂಂ ಅಂದ ಮೇಲೆ ಎತ್ತಿಕೋ. ಇದನ್ನು ಮಗುವಿಗೆ ದಿನಾ ಹೇಳಿ. ದಾಟುವಾಗ ಬಸ್ಸಿನ ಮುಂದೆ ಐದು ದೊಡ್ಡ ಹೆಜ್ಜೆ ದೂರ ಹೋಗಿ, ಚಾಲಕರ ಮುಖ ನೋಡಿ, ಅವರು ಸನ್ನೆ ಮಾಡಿದ ಮೇಲೆ ಹೊರಡಬೇಕು. ಬಸ್ಸಿನ ಅಂಚಿಗೆ ಬಂದಾಗ ಮತ್ತೆ ನಿಂತು ಇಣುಕಬೇಕು.

ಕ್ಯಾಲಿಫೋರ್ನಿಯಾದಿಂದ ಬಂದ ಮಕ್ಕಳಿಗೆ ಇದು ಹೊಸದು. ಅಲ್ಲಿ ಎಂಟನೆಯ ತರಗತಿಯವರೆಗಿನ ಮಕ್ಕಳು ರಸ್ತೆ ದಾಟಬೇಕಿದ್ದರೆ ಬಸ್ಸಿನ ಚಾಲಕರೇ ಕೆಳಗಿಳಿದು, ಕೈಯಲ್ಲಿ ಸ್ಟಾಪ್ ಫಲಕ ಹಿಡಿದು ದಾಟಿಸಬೇಕು ಎಂದು ಕಾನೂನಿದೆ. ಇಲ್ಲಿ ಚಾಲಕರು ಸೀಟಿನಿಂದ ಏಳುವುದಿಲ್ಲ. ಯಾರೋ ಬಂದು ದಾಟಿಸುತ್ತಾರೆ ಎಂದು ಮಗು ಕಾಯುತ್ತ ನಿಲ್ಲಬಹುದು, ಇಲ್ಲವೇ ಯಾರನ್ನೂ ನೋಡದೆ ನಡೆದುಬಿಡಬಹುದು. ಮೊದಲ ಕೆಲವು ದಿನ ನೀವೇ ಜೊತೆಗಿರಿ.

ಕೆಂಪು ದೀಪ ಮಿನುಗುತ್ತಿದೆ, ಎಲ್ಲರೂ ನಿಲ್ಲುತ್ತಾರೆ ಎಂದು ಮಾತ್ರ ಮಕ್ಕಳಿಗೆ ಹೇಳಬೇಡಿ. ನಿಲ್ಲುವುದಿಲ್ಲ. ರಾಜ್ಯಗಳ ಶಾಲಾ ಸಾರಿಗೆ ನಿರ್ದೇಶಕರ ರಾಷ್ಟ್ರೀಯ ಸಂಘ ಪ್ರತಿ ವರ್ಷ ಒಂದು ದಿನ ಬಸ್ ಚಾಲಕರಿಂದ ಎಣಿಕೆ ಮಾಡಿಸುತ್ತದೆ. ಅದರಿಂದ ಕಟ್ಟಿದ ಇತ್ತೀಚಿನ ಅಂದಾಜುಗಳ ಪ್ರಕಾರ, ಈ ದೇಶದಲ್ಲಿ ಒಂದು ಶಾಲಾ ವರ್ಷಕ್ಕೆ ಸುಮಾರು 4 ಕೋಟಿ ಸಲ ವಾಹನಗಳು ನಿಂತ ಬಸ್ಸನ್ನು ಅಕ್ರಮವಾಗಿ ದಾಟುತ್ತವೆ. ಆ 4 ಕೋಟಿಯಲ್ಲಿ ನಮ್ಮ ಪಾಲು ಬೇಡ.

ಶಾಲಾ ವಲಯದಲ್ಲಿ ಫೋನ್ ಕೈಯಲ್ಲಿ ಹಿಡಿಯಬಾರದೆಂಬುದು ನಿಮಗೆಲ್ಲ ಗೊತ್ತು. ಟೆಕ್ಸಸ್‌ನಲ್ಲಿ 2009ರಿಂದಲೂ ಇರುವ ನಿಯಮ ಅದು. ಅದರ ಬಗ್ಗೆ ಮತ್ತೆ ಬರೆಯುವುದಿಲ್ಲ.

ಬರುವ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪಾರ್ಕಿಂಗ್ ಜಾಗದ ಹಿಂಭಾಗದಲ್ಲಿ ಸೀಮೆಸುಣ್ಣದಿಂದ ಎರಡು ರಸ್ತೆ ಬರೆಯುತ್ತೇವೆ. ಒಂದಕ್ಕೆ ನಡುವೆ ಟರ್ನ್ ಲೇನ್, ಇನ್ನೊಂದಕ್ಕೆ ಹಸಿರು ಚಾಪೆ ಹಾಸಿ ಡಿವೈಡರ್. ದೊಡ್ಡ ಮಕ್ಕಳು ಬಸ್ಸಾಗುತ್ತಾರೆ, ಚಿಕ್ಕವರು ಇಳಿದು ದಾಟುತ್ತಾರೆ, ಅಪ್ಪ ಅಮ್ಮಂದಿರು ಕಾರುಗಳು. ಕಳೆದ ವರ್ಷ ಇದೇ ಆಟದಲ್ಲಿ ಒಬ್ಬ ತಂದೆ ಟರ್ನ್ ಲೇನ್ ದಾಟಿ ಠೀವಿಯಿಂದ ನಡೆದುಹೋಗುತ್ತಿದ್ದಾಗ, ಎರಡನೆಯ ತರಗತಿಯ ಅವರ ಮಗಳು "ಅಪ್ಪಾ, ಅದು ಬರೀ ಪೇಂಟು, ನಿಂತ್ಕೋ!" ಎಂದು ಕಿರುಚಿದಳು. ಅಪ್ಪ ಸ್ಕೂಲಿನ ಕಂಬಕ್ಕಿಂತ ನೆಟ್ಟಗೆ ನಿಂತರು. ಈ ಸಲವೂ ಪಕ್ಷಪಾತ ಇರುವುದಿಲ್ಲ.

ಅಜ್ಜಿ ತಾತಂದಿರನ್ನು ತಪ್ಪದೆ ಕರೆತನ್ನಿ. ಅವರಿಗೆ ನೆರಳಿನಲ್ಲಿ ಕುರ್ಚಿ ಹಾಕಿಸಿರುತ್ತೇವೆ. ಬಿಸಿಲಿದೆ, ಎಲ್ಲರೂ ಟೋಪಿ, ನೀರಿನ ಬಾಟಲಿ ತನ್ನಿ. ಈ ವರ್ಷ ಹೊಸದಾಗಿ ಸೇರಿದವರು ತಮ್ಮ ಮಗುವಿನ ಬಸ್ ನಿಲ್ದಾಣದ ಒಂದು ಫೋಟೋ ತೆಗೆದುಕೊಂಡು ಬಂದರೆ, ಅದು ನಿಲ್ಲಬೇಕಾದ ರಸ್ತೆಯೋ ಅಲ್ಲವೋ ಎಂದು ಅಲ್ಲಿಯೇ ಕೂತು ನೋಡೋಣ. ನಿಲ್ದಾಣ ರಸ್ತೆಯ ಆಚೆ ಬದಿಯಲ್ಲಿ ಬಂದಿದ್ದರೆ ಬದಲಿಸಿಕೊಡಿ ಎಂದು ನಿಮ್ಮ ಶಾಲಾ ಜಿಲ್ಲೆಯ ಸಾರಿಗೆ ವಿಭಾಗಕ್ಕೆ ಬರೆಯಿರಿ. ಬರೆಯಲು ಸಹಾಯ ಬೇಕಿದ್ದರೆ ಕ್ಲಾಸ್ ಮುಗಿದ ಮೇಲೆ ನಾನು ಅರ್ಧ ಗಂಟೆ ಇರುತ್ತೇನೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ

ಮರೆತಿದ್ದೆ: ಮೂರನೆಯ ತರಗತಿಯವರ ಒತ್ತಕ್ಷರದ ಪುಸ್ತಕಗಳು ಬಂದಿವೆ. ಭಾನುವಾರವೇ ತೆಗೆದುಕೊಂಡು ಹೋಗಿ.