ಮುಚ್ಚಳಗಳ ಸ್ವಯಂವರ

ಪ್ರೀತಿಯ ತಂಗಿ,

ನೀನು ಕಳಿಸಿದ ಪಟ್ಟಿ ಸಿಕ್ಕಿತು. ‘ದನಗಳ ಹಿಂಡು’ ಅನ್ನುವ ಹಾಗೆ ಮನೆಯ ಸಾಮಾನುಗಳಿಗೆಲ್ಲ ಗುಂಪಿನ ಹೆಸರು ಹುಡುಕಲು ಹೊರಟಿದ್ದೀಯಲ್ಲ, ಓದಿ ತುಂಬಾ ಖುಷಿಯಾಯಿತು. ಎರಡು ಕಡೆ ಜೋರಾಗಿ ನಕ್ಕೆ. ಒಂದು, ‘ಪ್ಲಾಸ್ಟಿಕ್ ಕವರುಗಳ ಬಸಿರು’. ಇನ್ನೊಂದು, ‘ಓದದ ಪುಸ್ತಕಗಳ ನಾಳೆ’. ಉಳಿದವುಗಳ ಬಗ್ಗೆ ಸ್ವಲ್ಪ ಮಾತಾಡಬೇಕು, ಅದಕ್ಕೇ ಈ ಕಾಗದ.

‘ಚಮಚಗಳ ಚಳವಳಿ’, ‘ಪೆನ್ನುಗಳ ಪೆರೇಡು’ ಕಿವಿಗೆ ಹಿತವಾಗಿವೆ. ಆದರೆ ಚಮಚ ಯಾವಾಗ ಚಳವಳಿ ಮಾಡಿತು? ಚಕಾರಕ್ಕೆ ಚಕಾರ ಸೇರಿತು ಅಂತ ಬಂದ ಪದ ಅದು. ಚಮಚವನ್ನು ನೋಡಿ ಬಂದದ್ದಲ್ಲ. ಕವರಿನದು ಹಾಗಲ್ಲ. ದೊಡ್ಡ ಕವರಿನ ಹೊಟ್ಟೆಗೆ ಹತ್ತಾರು ಸಣ್ಣ ಕವರು ತುರುಕಿ, ಅದು ಬಾಗಿಲ ಹಿಂದೆ ಉಬ್ಬಿಕೊಂಡು ನೇತಾಡುವುದನ್ನು ನೀನು ಕಣ್ಣಾರೆ ಕಂಡಿದ್ದೀಯ. ಓದುವವರೂ ಕಂಡಿದ್ದಾರೆ. ಅದಕ್ಕೇ ನಗು ಬರುತ್ತದೆ.

ನಮ್ಮ ಹಳೆಯ ಪದಗಳನ್ನೇ ನೋಡು. ಕಟ್ಟಿದ್ದು ಕಟ್ಟು, ಹೊತ್ತಿದ್ದು ಹೊರೆ, ಕೈಗೆ ಹಿಡಿದಷ್ಟು ಹಿಡಿ. ಕೈ ಏನು ಮಾಡಿತೋ ಅದೇ ಹೆಸರಾಯಿತು. ಬಾಳೆಗೆ ಗೊನೆ, ಗೊನೆಯೊಳಗೆ ಮತ್ತೆ ಚಿಪ್ಪು. ಕುರಿಗೆ ಮಂದೆ, ಬಿದಿರಿಗೆ ಮೆಳೆ, ಮಾವಿನ ಮರಗಳಿಗೆ ತೋಪು. ಈಗ ‘ಒಂದು ಗೊನೆ ಕುರಿ’ ಅಂದು ನೋಡು. ನಗು ಬಂತು, ಅಲ್ವಾ? ಹೊಸ ಪದ ಹುಟ್ಟಿಸುವ ಮುಂಚೆ ಇರುವ ಪದಕ್ಕೇ ಜಾಗ ಬದಲಿಸಿ ನೋಡು. ಚಾರ್ಜರ್ ವೈರುಗಳಿಗೆ ನೀನು ಕೊಟ್ಟ ‘ತಂತುಜಾಲ’ಕ್ಕಿಂತ ‘ಒಂದು ಮೆಳೆ ವೈರು’ ಎಷ್ಟೋ ಮೇಲು. ಬಿದಿರು ಮೆಳೆಯಿಂದ ಒಂದು ಗಳ ಎಳೆದವರಿಗೆ ಗೊತ್ತು, ಒಂದನ್ನು ಎಳೆದರೆ ಹತ್ತು ಅಲ್ಲಾಡುತ್ತವೆ.

ಮೊನ್ನೆ ರಾತ್ರಿ ಉಳಿದ ಅಡುಗೆ ಎತ್ತಿಡಲು ಡಬ್ಬಿಗೆ ಮುಚ್ಚಳ ಹುಡುಕುತ್ತಿದ್ದೆ. ಡಬ್ಬಿ ಒಂದೇ, ಮುಚ್ಚಳ ಹನ್ನೊಂದು. ಮೊದಲನೆಯದು ಒಳಗೇ ಬಿದ್ದುಹೋಯಿತು. ಎರಡನೆಯದು ಮೂರು ಮೂಲೆ ಕೂತಿತು, ನಾಲ್ಕನೆಯದನ್ನು ಒತ್ತಿದರೆ ಮೊದಲ ಮೂಲೆ ಟಪ್ ಅಂತ ಎದ್ದಿತು. ಬಿಲ್ಲು ಎತ್ತಲಾಗದ ರಾಜರ ಹಾಗೆ ಒಂದೊಂದೇ ಮುಚ್ಚಳ ಬಂದು ವಾಪಸ್ ಹೋಗುತ್ತಿತ್ತು. ಅಲ್ಲೇ ನಿಂತು ‘ಮುಚ್ಚಳಗಳ ಸ್ವಯಂವರ’ ಅಂದೆ. ಈಗ ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ‘ಸ್ವಯಂವರ ಮುಗೀತಾ, ಫ್ರಿಜ್ ಬಾಗಿಲು ಹಾಕ್ಲಾ?’ ಮೇಜಿನ ಮುಂದೆ ಕೂತು ಯೋಚಿಸಿದ್ದರೆ ಈ ಪದ ನನಗೆ ಸಿಗುತ್ತಿರಲಿಲ್ಲ. ನಿನ್ನ ಪಟ್ಟಿ ಮೇಜಿನ ಮುಂದೆ ಕೂತು ಬರೆದ ಹಾಗೆ ಕಾಣುತ್ತದೆ. ಎದ್ದು ಓಡಾಡು, ಡ್ರಾಯರ್ ಎಳೆ, ಕಪಾಟು ತೆಗೆ.

ಇನ್ನೊಂದು ಸಣ್ಣ ವಿಷಯ. ನಾವು ‘ದನಗಳ ಹಿಂಡು’ ಅಂತೀವಿ, ‘ಒಂದು ಹಿಂಡು ದನ’ ಅಂತಲೂ ಅಂತೀವಿ. ಎರಡನೆಯದರಲ್ಲಿ ‘ಗಳು’ ಬಿದ್ದುಹೋಗುತ್ತದೆ, ಹಿಂಡು ಅನ್ನುವುದು ಸೇರು-ಬಳ್ಳದ ಹಾಗೆ ಅಳತೆಯಾಗುತ್ತದೆ. ನಿನ್ನ ಪಟ್ಟಿ ಪೂರ್ತಿ ಮೊದಲನೆಯ ಬಗೆಯದು. ಅದು ಸುಲಭ, ಯಾವ ಪದ ತಂದು ಕೂರಿಸಿದರೂ ಕೂರುತ್ತದೆ. ಎರಡನೆಯದರಲ್ಲಿ ಹಾಕಿ ನೋಡು. ‘ಒಂದು ಬಸಿರು ಕವರು’ ಗಟ್ಟಿಯಾಗಿ ನಿಲ್ಲುತ್ತದೆ. ‘ಒಂದು ನಾಳೆ ಪುಸ್ತಕ’ ತಡವರಿಸುತ್ತದೆ. ಹಾಗಂತ ಅದನ್ನು ಬಿಡಬೇಡ, ‘ಪುಸ್ತಕಗಳ ನಾಳೆ’ ಅಂತಲೇ ಇರಲಿ. ಅಷ್ಟು ಚೆನ್ನಾಗಿದೆ.

ಇಂಗ್ಲಿಷಿನಲ್ಲಿ ಈ ಆಟ ತುಂಬಾ ಹಳೆಯದು. 1486ರಲ್ಲಿ ಅಚ್ಚಾದ ಸೇಂಟ್ ಆಲ್ಬನ್ಸ್ ಪುಸ್ತಕದಲ್ಲಿ ಪ್ರಾಣಿ ಪಕ್ಷಿಗಳ ಗುಂಪಿನ ಹೆಸರುಗಳ ದೊಡ್ಡ ಪಟ್ಟಿಯೇ ಇದೆ. ಪುಸ್ತಕದ ಮುಖ್ಯ ವಿಷಯ ಬೇಟೆ. ಆದರೆ ಪಟ್ಟಿಯೊಳಗೆ ಮನುಷ್ಯರೂ ನುಗ್ಗಿದ್ದಾರೆ! ಕ್ರೈಸ್ತ ಸನ್ಯಾಸಿನಿಯರ ಗುಂಪಿಗೆ ‘ಬೇಕಾದ್ದಕ್ಕಿಂತ ಜಾಸ್ತಿ’ ಅನ್ನುವ ಅರ್ಥದ ಹೆಸರು. ಕೈಚಳಕದ ಆಟಗಾರರಿಗೆ ‘ಎಂದೂ ಏಳಿಗೆಯಾಗದ್ದು’. 500 ವರ್ಷದ ಹಿಂದೆ ಯಾರೋ ನಗುತ್ತಾ ಬರೆದಿದ್ದಾರೆ. ಆ ನಗುವಿನಲ್ಲಿ ಚುಚ್ಚು ಇದೆ. ನಿನ್ನ ಪಟ್ಟಿಯ ಕೊನೆಯ ಆರು ಹೆಸರುಗಳೂ ಮನುಷ್ಯರ ಮೇಲಿವೆ, ಅವನ್ನು ತೆಗೆದುಬಿಡು. ನಮ್ಮಲ್ಲೂ ಜನರನ್ನು ಹಿಂಡು, ಮಂದೆ ಅಂದರೆ ಬೈದ ಹಾಗೆ ತಾನೆ? ಒಂಟಿ ಸಾಕ್ಸ್‌ಗಳಿಗೆ ನೀನು ‘ವಿರಹ’ ಅಂದೆ, ಯಾರಿಗೂ ನೋವಾಗಲಿಲ್ಲ. ಕುರ್ಚಿಯ ಮೇಲೆ ರಾಶಿ ಬಿದ್ದ ಬಟ್ಟೆಗಳಿಗೆ ‘ಧರಣಿ’ ಅಂದರೂ ಯಾರಿಗೂ ನೋವಿಲ್ಲ. ಮಡಚಿ ಇಡುವ ತನಕ ಅವು ಏಳುವುದೂ ಇಲ್ಲ.

ನನ್ನ ಹತ್ತಿರ ಒಂದು ಬಾಕಿ ಉಳಿದಿದೆ. ಮೇಜಿನ ಕೆಳಗಿನ ಡ್ರಾಯರಿನಲ್ಲಿ ಏಳು ಕೀಲಿಕೈ ಇವೆ. ಯಾವ ಬೀಗದವೋ ಗೊತ್ತಿಲ್ಲ. ಎಸೆಯಲು ಮನಸ್ಸು ಬರುವುದಿಲ್ಲ, ಎಸೆದ ಮಾರನೆಯ ದಿನವೇ ಬೀಗ ಸಿಕ್ಕರೆ? ‘ಗೊಂಚಲು’ ಅನ್ನೋಣವೆಂದರೆ ಇವಕ್ಕೆ ರಿಂಗೂ ಇಲ್ಲ, ಬಿಡಿಬಿಡಿಯಾಗಿ ಬಿದ್ದಿವೆ. ಎರಡು ವಾರದಿಂದ ಯೋಚಿಸುತ್ತಿದ್ದೇನೆ. ನಿನಗೆ ಏನಾದರೂ ಹೊಳೆದರೆ ಬೇಗ ಬರೆ.

ಇಂತಿ ನಿನ್ನ
ಅಕ್ಕ